ಗಾಂಧಿ ಕ್ಲಾಸಿನಿಂದ: ಓದುಗರ ಸಿನಿಮಾ ಪ್ರಶ್ನೆಗಳು, ನನ್ನ ಉತ್ತರಗಳು

ಹೋದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ, ಸಿನಿಮಾ ಚೆನ್ನಾಗಿದೆಯೋ ಇಲ್ವೋ ಅಂತ ನಾನು ಹೀರೋನ ನೋಡಿ ಹೇಳಲ್ಲ, ಎರಡು ನಿಮಿಷ ಬಂದು ಹೋಗೋ ಸಣ್ಣ ಪಾತ್ರಗಳನ್ನ ನೋಡಿ ಹೇಳ್ತೀನಿ ಅಂತ. ಅದಕ್ಕೆ ಪತ್ರಗಳು ಬಂದಿವೆ ನೋಡಿ, ಅರ್ಧ ಜನ ಬೈದಿದ್ದಾರೆ, ಇನ್ನರ್ಧ ಜನ ಪರೀಕ್ಷೆ ಇಟ್ಟಿದ್ದಾರೆ. ಕೈಗೆ ಸಿಕ್ಕ ಕೆಲವಕ್ಕೆ ಉತ್ತರ ಕೊಡ್ತೀನಿ.

ಪ್ರಶ್ನೆ: ನನ್ನ ಮೊಮ್ಮಗ 'ಶೋಲೆ' ಅರ್ಧ ಗಂಟೆ ನೋಡಿ ಬೋರು ಅಂತ ಎದ್ದು ಹೋದ. ಅದೂ ಅಲ್ಲದೆ ಎಲ್ಲಾ ಇಂಗ್ಲಿಷ್ ಪಿಕ್ಚರ್ ಕಾಪಿ ಅಂತ ನನಗೇ ಪಾಠ ಹೇಳ್ತಾನೆ. ಏನಂತೀರಿ? (ನಿವೃತ್ತ ಮೇಷ್ಟ್ರು, ಮಂಡ್ಯ)

ಉತ್ತರ: ಸರ್, ಮೊಮ್ಮಗನ ಮಾತಲ್ಲಿ ಅರ್ಧ ನಿಜ ಇದೆ, ಬೈಬೇಡಿ. ಜಪಾನಿನ ಕುರೊಸಾವಾ 1954ರಲ್ಲಿ 'ಸೆವೆನ್ ಸಮುರಾಯ್' ಮಾಡಿದ್ರು, ಡಕಾಯಿತರ ಕಾಟ ತಡೀಲಾರದ ಹಳ್ಳಿಯೋರು ಹೊರಗಿಂದ ಹೋರಾಡೋರನ್ನ ಕರ್ಕೊಂಡು ಬರೋ ಕಥೆ, ಅದನ್ನೇ ಹಾಲಿವುಡ್‌ನೋರು 1960ರಲ್ಲಿ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಅಂತ ಕೌಬಾಯ್ ಟೋಪಿ ಹಾಕಿಸಿ ತೆಗೆದ್ರು. ಠಾಕೂರ್ ಮನೆಯೋರನ್ನ ಗಬ್ಬರ್ ಕೊಲ್ಲೋ ಸೀನಿಗೆ ಇಟಲಿಯ ಸೆರ್ಜಿಯೋ ಲಿಯೋನೆಯ 1968ರ ವೆಸ್ಟರ್ನ್ ಒಂದರ ನೆರಳಿದೆ. ಇದೆಲ್ಲ ಗೊತ್ತಿದ್ದೂ ನಾನು 'ಶೋಲೆ' ಪರಾನೇ, ಯಾಕಂದ್ರೆ ಆ ಸಿನಿಮಾಗಳಲ್ಲಿ ಸೂರ್ಮಾ ಭೋಪಾಲಿ ಇಲ್ಲ, ಹಿಟ್ಲರ್ ಮೀಸೆ ಜೈಲರ್ ಇಲ್ಲ, ಮಗನ ಹೆಣದ ಮುಂದೆ ನಿಂತ ಕುರುಡು ಇಮಾಮ್ ಸಾಹೇಬ್ರು ಇಲ್ಲ. ಗಬ್ಬರ್ ಬಂಟ ಸಾಂಬನನ್ನೇ ತಗೊಳ್ಳಿ. ಆ ಪಾತ್ರ ಮಾಡಿದ ಮ್ಯಾಕ್ ಮೋಹನ್ ಅಷ್ಟು ದೊಡ್ಡ ಸಿನಿಮಾದಲ್ಲಿ ಬಂಡೆ ಮೇಲೆ ಬಂದೂಕು ಹಿಡ್ಕೊಂಡು ಕೂತಿದ್ದು ಬಿಟ್ರೆ ಆಡಿದ್ದು ಬೆರಳೆಣಿಕೆ ಮಾತು, ಆದ್ರೂ ಅರ್ಧ ಶತಮಾನ ಆದ್ಮೇಲೂ ಊರೂರಲ್ಲಿ ಗುಂಪಿನ ಲೀಡರ್ ಪಕ್ಕ ನಿಲ್ಲೋ ಹುಡುಗನಿಗೆ ಸಾಂಬ ಅಂತಾನೇ ಹೆಸರು.

ಮೊಮ್ಮಗನನ್ನ ಒಂದ್ಸಲ ಬಸ್ ಹತ್ತಿಸಿ ರಾಮನಗರಕ್ಕೆ ಕರ್ಕೊಂಡು ಹೋಗಿ. ನಿಮಗೆ ದೂರಾನೂ ಅಲ್ಲ. ರಾಮದೇವರ ಬೆಟ್ಟದ ತಪ್ಪಲಲ್ಲೇ ರಾಮಗಢ ಅಂತ ಒಂದಿಡೀ ಹಳ್ಳಿ ಸೆಟ್ ಹಾಕಿದ್ರು, 1973ರ ಕೊನೆಗೆ ಶುರುವಾದ ಶೂಟಿಂಗ್ ವರ್ಷಗಟ್ಟಲೆ ಎಳೀತು, 1975ರ ಆಗಸ್ಟ್ 15ಕ್ಕೆ ರಿಲೀಸು. ಮೊದಲ ವಾರ ಎಲ್ಲರೂ ಫ್ಲಾಪ್ ಅಂದಿದ್ರು, ಆಮೇಲೆ ಬಾಂಬೆಯ ಮಿನರ್ವಾ ಥಿಯೇಟರಲ್ಲಿ ಐದು ವರ್ಷ ಓಡ್ತು. ಈಗ ಆ ಬೆಟ್ಟ ರಣಹದ್ದುಗಳ ಅಭಯಾರಣ್ಯ, ಗಬ್ಬರ್ ಓಡಾಡಿದ ಜಾಗದಲ್ಲಿ ಅರಣ್ಯ ಇಲಾಖೆ ಬೋರ್ಡು. ಇನ್ನೊಂದು ವಿಷಯ, ಮೂಲದಲ್ಲಿ ಠಾಕೂರ್ ಗಬ್ಬರ್‌ನ ಕೊಂದೇಬಿಡ್ತಾನೆ, ಆದ್ರೆ ಆಗ ಎಮರ್ಜೆನ್ಸಿ, ಮಾಜಿ ಪೊಲೀಸ್ ಆಫೀಸರ್ ಕಾನೂನು ಕೈಗೆ ತಗೊಳ್ಳೋ ಹಾಗಿಲ್ಲ ಅಂತ ಸೆನ್ಸಾರ್‌ನೋರು ಪಟ್ಟು ಹಿಡಿದ್ರು, ಹಾಗಾಗಿ ನಾವೆಲ್ಲ ನೋಡಿದ್ದು ಕೊನೆಗೆ ಪೊಲೀಸ್ ಬರೋ ಶೋಲೆ. ಹಳೇ ಕ್ಲೈಮ್ಯಾಕ್ಸ್ ಸೇರಿಸಿ ರಿಪೇರಿ ಮಾಡಿದ ಪ್ರಿಂಟ್ 2025ರಲ್ಲಿ ಇಟಲಿಯ ಬೊಲೋನಾದಲ್ಲಿ ತೋರಿಸಿದ್ರು. ನನ್ನ ಕೇಳಿದ್ರೆ ಹಳೇದೇ ಸರಿ. ಎರಡೂ ಕೈ ಕಳ್ಕೊಂಡ ಮನುಷ್ಯ ಅಷ್ಟು ದೂರ ಬಂದ ಮೇಲೆ ಇನ್ನೊಬ್ಬರು ಬಂದು ತಡೆಯೋದು ನೋಡೋಕೇ ಒಂಥರಾ ಹಿಂಸೆ.

ಪ್ರಶ್ನೆ: ಹಾಲಿವುಡ್ ಸಿನಿಮಾದಲ್ಲಿ ಹಾಡಿಲ್ಲ, ಅದಕ್ಕೇ ಅವು ಶ್ರೇಷ್ಠ ಅಂತ ನಮ್ಮ ಮನೆಯವರ ವಾದ. (ಗೃಹಿಣಿ, ಶಿವಮೊಗ್ಗ)

ಉತ್ತರ: ಅಮ್ಮಾ, ಮನೆಯವರಿಗೆ 1965ರ 'ಸೌಂಡ್ ಆಫ್ ಮ್ಯೂಸಿಕ್' ತೋರಿಸಿ, ಸಿನಿಮಾ ಪೂರ್ತಿ ಹಾಡ್ತಾರೆ, ಆ ವರ್ಷದ ಬೆಸ್ಟ್ ಪಿಕ್ಚರ್ ಆಸ್ಕರೂ ಅದಕ್ಕೇ. ಹಾಡು ಇರೋದು ತಪ್ಪಲ್ಲ, ಕಥೆ ನಿಲ್ಲಿಸಿ ಎಲ್ಲರೂ ಸ್ವಿಜರ್ಲೆಂಡಿಗೆ ಹೋಗಿ ಬರೋದು ತಪ್ಪು.

ಪ್ರಶ್ನೆ: ಅಣ್ಣಾ, ನಾನು ಈಗ ತಾನೇ ಇಂಗ್ಲಿಷ್ ಸಿನಿಮಾ ನೋಡೋಕೆ ಶುರು ಮಾಡಿದೀನಿ, ಫ್ರೆಂಡ್ಸ್ ಎಲ್ಲ ಫಸ್ಟ್ 'ಶಾಶಾಂಕ್ ರಿಡೆಂಪ್ಷನ್' ನೋಡು ಅಂತಾರೆ, ನಂಗೆ ನಿದ್ದೆ ಬಂತು. ನನ್ನಲ್ಲೇ ಏನಾದ್ರೂ ಪ್ರಾಬ್ಲಮ್ಮಾ? (ಡಿಗ್ರಿ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಏನೂ ಇಲ್ಲ ತಮ್ಮಾ, ಲಿಸ್ಟಿನ ಮೊದಲ ನಂಬರಿಂದ ಶುರು ಮಾಡಿದ್ದೇ ಪ್ರಾಬ್ಲಮ್ಮು. 1994ರಲ್ಲಿ ಅದು ಥಿಯೇಟರಿಗೆ ಬಂದಾಗ ಅಮೆರಿಕದೋರಿಗೇ ಅದು ಬೇಕಾಗಿರ್ಲಿಲ್ಲ, ದುಡ್ಡು ಬರ್ಲಿಲ್ಲ, ಏಳು ಆಸ್ಕರ್ ನಾಮಿನೇಷನ್ ಸಿಕ್ತು, ಗೆದ್ದಿದ್ದು ಒಂದೂ ಇಲ್ಲ, ಆಮೇಲೆ ವಿಡಿಯೋ ಕ್ಯಾಸೆಟ್ಟು ಟೀವಿ ಅಂತ ಮನೆಮನೆಗೆ ಹೋಗಿ ನಿಧಾನಕ್ಕೆ ಮೇಲೆ ಬಂತು. ಒಂದೆರಡು ವರ್ಷ ಬಿಟ್ಟು ಮತ್ತೆ ನೋಡು, ಹೀರೋ ಆಂಡಿನ ನೋಡ್ಬೇಡ, ಬ್ರೂಕ್ಸ್ ಅಂತ ಒಬ್ಬ ಮುದುಕ ಇದ್ದಾನಲ್ಲ, ಜೈಲಲ್ಲಿ ಲೈಬ್ರರಿ ಪುಸ್ತಕ ಹಂಚೋನು, ಐವತ್ತು ವರ್ಷ ಒಳಗಿದ್ದು ಬಿಡುಗಡೆ ಅಂದ್ರೆ ಭಯ ಬೀಳೋನು, ಅವನನ್ನ ನೋಡು. ನನಗೆ ಆ ಸಿನಿಮಾ ಅಂದ್ರೆ ಅವನೇ.

ಸದ್ಯಕ್ಕೆ 1957ರ '12 ಆಂಗ್ರಿ ಮೆನ್' ಹಾಕು. ಕಪ್ಪುಬಿಳುಪು ಅಂತ ಓಡಿ ಹೋಗ್ಬೇಡ. ಹೆಚ್ಚುಕಮ್ಮಿ ಒಂದೂವರೆ ಗಂಟೆ ಸಿನಿಮಾ, ಒಂದು ರೂಮು, ಸೆಕೆ, ಹನ್ನೆರಡು ಜನ ಜ್ಯೂರಿಗಳು, ಒಬ್ಬ ಹುಡುಗನಿಗೆ ಮರಣದಂಡನೆ ಆಗ್ಬೇಕಾ ಬೇಡ್ವಾ ಅಂತ ಕಿತ್ತಾಟ. ಕೊನೇ ಸೀನಿನವರೆಗೂ ಯಾರ ಹೆಸರೂ ಗೊತ್ತಾಗಲ್ಲ, ಆದ್ರೂ ಮುಗಿಯೋ ಹೊತ್ತಿಗೆ ಹನ್ನೆರಡೂ ಜನ ನಿನ್ನ ಬೀದಿಯೋರೇ ಅನ್ನಿಸ್ತಾರೆ, ಒಬ್ಬನಿಗೆ ಬೇಸ್‌ಬಾಲ್ ಮ್ಯಾಚಿಗೆ ಲೇಟಾಗತ್ತೆ ಅನ್ನೋದೇ ಚಿಂತೆ! ಇಂಗ್ಲಿಷ್ ಕಷ್ಟ ಆದ್ರೆ ಬಾಸು ಚಟರ್ಜಿ ಅದನ್ನೇ 1986ರಲ್ಲಿ ಹಿಂದಿಯಲ್ಲಿ 'ಏಕ್ ರುಕಾ ಹುವಾ ಫೈಸಲಾ' ಅಂತ ಮಾಡಿದಾರೆ.

ಪ್ರಶ್ನೆ: 'ಗಾಡ್‌ಫಾದರ್' ದೊಡ್ಡದೋ 'ನಾಯಕನ್' ದೊಡ್ಡದೋ? ಜಾರಿಕೊಳ್ಳೋ ಉತ್ತರ ಬೇಡ. (ವ್ಯಾಪಾರಿ, ಮಂಗಳೂರು)

ಉತ್ತರ: ಜಾರಲ್ಲ ಮಾರಾಯ್ರೇ. ಒಟ್ಟು ಸಿನಿಮಾ ಅಂತ ಕೇಳಿದ್ರೆ 1972ರ 'ಗಾಡ್‌ಫಾದರ್', ಕೊನೆಯ ಹೊಡೆತ ಅಂತ ಕೇಳಿದ್ರೆ 1987ರ 'ನಾಯಕನ್'. 'ಗಾಡ್‌ಫಾದರ್'ನ ಆಸ್ಪತ್ರೆ ಸೀನು ನೆನಪಿದೆಯಾ, ಮೈಕೆಲ್‌ನ ಡಾನ್ ಅಪ್ಪನ್ನ ಕೊಲ್ಲೋಕೆ ಜನ ಬರ್ತಿದ್ದಾರೆ, ಕಾವಲಿಗೆ ಯಾರೂ ಇಲ್ಲ, ಹೂ ಹಿಡ್ಕೊಂಡು ನೋಡೋಕೆ ಬಂದ ಬೇಕರಿ ಹುಡುಗ ಎಂಜೋನ ಮೈಕೆಲ್ ಬಾಗಿಲ ಹತ್ರ ನಿಲ್ಲಿಸ್ಕೊಳ್ತಾನೆ. ಕಾರು ಬಂದು ಹೋದ ಮೇಲೆ ಎಂಜೋಗೆ ಕೈ ನಡುಗಿ ಸಿಗರೇಟ್ ಹಚ್ಚೋಕಾಗಲ್ಲ, ಮೈಕೆಲ್ ಹಚ್ಚಿಕೊಡ್ತಾನೆ, ಆಗ ತನ್ನ ಕೈ ನಡುಗ್ತಿಲ್ಲ ಅನ್ನೋದು ಅವನಿಗೇ ಗೊತ್ತಾಗತ್ತೆ. ಒಬ್ಬ ಮನುಷ್ಯ ಡಾನ್ ಆದ ಕ್ಷಣ ಅದು, ಅದನ್ನ ತೋರಿಸೋಕೆ ಕೊಪ್ಪೊಲಾಗೆ ಬೇಕಾಗಿದ್ದು ಒಬ್ಬ ಬೇಕರಿಯವನ ನಡುಗೋ ಕೈ.

ಮಣಿರತ್ನಂ ಏನು ಮಾಡಿದ್ರು ನೋಡಿ, ವೇಲು ನಾಯ್ಕರ್ ಕೊಂದ ಇನ್ಸ್‌ಪೆಕ್ಟರನಿಗೆ ಬುದ್ಧಿ ಬೆಳೆಯದ ಒಬ್ಬ ಮಗ ಇರ್ತಾನೆ, ನಾಯ್ಕರ್ರೇ ಆ ಸಂಸಾರನ ಸಾಕ್ತಾರೆ, ನಾವು ಆ ಹುಡುಗನ್ನ ಪೂರ್ತಿ ಮರೆತೇಬಿಟ್ಟಿರ್ತೀವಿ, ಇಡೀ ಬಾಂಬೆ ಪೊಲೀಸಿಗೆ ಕೋರ್ಟಿಗೆ ಆಗದ ಕೆಲಸ ಕೊನೆಗೆ ಅವನ ಕೈಲಿ ಆಗತ್ತೆ. ಟಿನ್ನು ಆನಂದ್ ಆ ಪಾತ್ರ ಮಾಡಿದ್ದು. ಕಥೆ ಹೇಳಿಬಿಟ್ಟೆ ಅಂತ ಬೈಬೇಡಿ, 1987ರ ಸಿನಿಮಾಗೆ ಇಷ್ಟು ವರ್ಷ ಟೈಮ್ ಕೊಟ್ಟಿದೀನಿ.

ಪ್ರಶ್ನೆ: ನೋಲನ್ ಸಿನಿಮಾ ಬಗ್ಗೆ ನೀವು ಯಾವಾಗ್ಲೂ ಕೊಂಕು ಮಾತಾಡ್ತೀರಿ. 'ಇಂಟರ್‌ಸ್ಟೆಲ್ಲರ್' ನೋಡಿ ಅಳದೇ ಇರೋರು ಇದಾರಾ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ನಾನೂ ಅತ್ತಿದೀನಿ, ಅದಕ್ಕೂ ಕೊಂಕಿಗೂ ಸಂಬಂಧ ಇಲ್ಲ. 2014ರ ಸಿನಿಮಾ, ಕಪ್ಪುಕುಳಿ ಹೇಗೆ ಕಾಣತ್ತೆ ಅಂತ ಲೆಕ್ಕ ಹಾಕೋಕೆ ಕಿಪ್ ಥಾರ್ನ್ ಅನ್ನೋ ಭೌತವಿಜ್ಞಾನಿ ಇದ್ರು, 2017ರಲ್ಲಿ ಅವರಿಗೆ ನೊಬೆಲ್ ಬಂತು, ಆ ಕೆಲಸದ ಶ್ರದ್ಧೆಗೆ ನನ್ನ ನಮಸ್ಕಾರ. ನೀರಿನ ಗ್ರಹದಿಂದ ವಾಪಸ್ ಬಂದು ಮಕ್ಕಳ ವಿಡಿಯೋ ಮೆಸೇಜ್ ನೋಡ್ತಾ ಹೀರೋ ಕೂಪರ್ ಅಳೋವಾಗ ಹಾಲಲ್ಲಿ ಎಲ್ಲರೂ ಅಳ್ತಾರೆ. ಸರಿ. ಆದ್ರೆ ಆ ಗಗನನೌಕೆಯಲ್ಲಿ ರೋಮಿಲಿ ಅಂತ ಒಬ್ಬ ಇದ್ದ, ಕಪ್ಪುಕುಳಿ ಹತ್ರ ಕಾಲ ನಿಧಾನ ಆಗತ್ತಲ್ಲ, ಇವರಿಗೆ ಕೆಳಗೆ ಗ್ರಹದಲ್ಲಿ ಕೆಲವೇ ಗಂಟೆ ಕಳೆದಿದ್ದಾಗ ಅವನು ಮೇಲೆ ಒಬ್ಬನೇ 23 ವರ್ಷ ಕಾದಿದ್ದಾನೆ, ಗಡ್ಡ ನೆರೆತಿದೆ, ಮಾತೇ ಮರೆತವನ ಹಾಗೆ ಬಾಗಿಲಲ್ಲಿ ನಿಂತಿದ್ದಾನೆ. ಅವನಿಗೆ ನೋಲನ್ ಕೊಟ್ಟಿದ್ದು ನಾಲ್ಕು ಡೈಲಾಗು! ಅಷ್ಟು ದೊಡ್ಡ ದುಃಖ ಅಲ್ಲೇ ಬಾಗಿಲಲ್ಲಿ ನಿಂತಿದ್ರೂ ಕ್ಯಾಮೆರಾ ಹೀರೋ ಹಿಂದೆ ಓಡತ್ತೆ, ಆಮೇಲೆ ಆ ಪಾಪದವನನ್ನ ಒಂದು ಬ್ಲಾಸ್ಟಲ್ಲಿ ಮುಗಿಸಿಬಿಡ್ತಾರೆ. ನನ್ನ ತಕರಾರು ಇಷ್ಟೇ. ಜೇಮ್ಸ್ ಕ್ಯಾಮೆರಾನ್‌ನ ಎಷ್ಟೇ ಕಮರ್ಷಿಯಲ್ ಅಂತ ಬೈಯ್ರಿ, 'ಟೈಟಾನಿಕ್'ನಲ್ಲಿ ನೀರು ನುಗ್ತಿರೋ ರೂಮಲ್ಲಿ ತಬ್ಬಿಕೊಂಡು ಮಲಗಿದ ಅಜ್ಜ ಅಜ್ಜಿನ ಅವನು ಮರೀಲಿಲ್ಲ, ಅವರು ಸ್ಟ್ರಾಸ್ ದಂಪತಿ, ನಿಜವಾಗ್ಲೂ ಆ ಹಡಗಲ್ಲಿದ್ದೋರು, ಗಂಡನ್ನ ಬಿಟ್ಟು ಲೈಫ್‌ಬೋಟ್ ಹತ್ತಲ್ಲ ಅಂತ ಆಯಮ್ಮ ಉಳ್ಕೊಂಡಿದ್ದು ಚರಿತ್ರೆ. ಕೆಲವೇ ಸೆಕೆಂಡ್ ಶಾಟು. ಜ್ಯಾಕ್ ಹಲಗೆ ಮೇಲೆ ಹತ್ತಬಹುದಿತ್ತಾ ಇಲ್ವಾ ಅಂತ ಜಗಳ ಆಡೋರು ಆಡ್ಲಿ, ನನಗೆ ಆ ಮಂಚ ಸಾಕು.

ಪ್ರಶ್ನೆ: ಕೆಜಿಎಫ್, ಕಾಂತಾರ ಎರಡರಲ್ಲಿ ನಿಮ್ಮ ವೋಟು? (ಆಟೋ ಚಾಲಕ, ಹುಬ್ಬಳ್ಳಿ)

ಉತ್ತರ: ಕಾಂತಾರ, ಎರಡು ಸಲ ಯೋಚನೆ ಮಾಡಲ್ಲ. 2018ರ ಕೆಜಿಎಫ್ ನಮ್ಮೋರಿಗೆ ದೊಡ್ಡ ಧೈರ್ಯ ಕೊಡ್ತು, ಕನ್ನಡ ಸಿನಿಮಾಗೆ ಉತ್ತರದ ಊರುಗಳಲ್ಲಿ ಕ್ಯೂ ನಿಲ್ಲೋದನ್ನ ನೋಡಿದ್ವಿ, ಅನಂತನಾಗ್ ಕೂತು ಕಥೆ ಹೇಳೋ ಗತ್ತಿಗೆ ನಾನು ಶಿಳ್ಳೆ ಹೊಡೆದಿದೀನಿ. ಆದ್ರೆ ನರಾಚಿ ಗಣಿಯಲ್ಲಿ ಅಷ್ಟು ಸಾವಿರ ಕೂಲಿಗಳಿದ್ದಾರಲ್ಲ, ಮನೆಗೆ ಬಂದ್ಮೇಲೆ ಅವರಲ್ಲಿ ಒಬ್ಬನ ಹೆಸರು ಹೇಳಿ ನೋಡೋಣ? ಎಲ್ಲರೂ ರಾಕಿ ಹಿಂದಿನ ಮಸಿ ಬಣ್ಣ. 2022ರ ಕಾಂತಾರದಲ್ಲಿ ಪ್ರಕಾಶ್ ತೂಮಿನಾಡು ಮಾಡಿದ ರಾಂಪ ಬಾಯಿಬಿಟ್ರೆ ಸಾಕು, ಹೀರೋ ಶಿವನ ಗ್ಯಾಂಗು ಪೂರ್ತಿ ಊರಿನ ಕಟ್ಟೆ ಮೇಲೆ ಕೂತ ಹಾಗೇ ಇದೆ. ಆ ಜನ ಅಷ್ಟು ಹತ್ರ ಆಗಿದ್ರಿಂದಲೇ ಕೊನೆಯ ಇಪ್ಪತ್ತು ನಿಮಿಷ ರೋಮ ನಿಲ್ಲತ್ತೆ, ಬರೀ ರಿಷಬ್ ಕುಣಿತಕ್ಕೆ ಅಲ್ಲ. 2025ರ 'ಸು ಫ್ರಮ್ ಸೋ' ಗೆದ್ದಿದ್ದೂ ಹಾಗೇ, ಅಲ್ಲಿ ಹೀರೋ ಯಾರು ಅಂತಾನೇ ಹೇಳೋಕಾಗಲ್ಲ, ಇಡೀ ಊರೇ ಮಾತಾಡತ್ತೆ. ನೀವು ಸಿಟ್ಟಾಗ್ಬೇಡಿ, ಕೆಜಿಎಫ್ ಸ್ಟಿಕ್ಕರ್ ಆಟೋ ಮೇಲೆ ಇರ್ಲಿ.

ಪ್ರಶ್ನೆ: ನಮ್ಮ ಕಡೆಯೋರು ಯಾರಾದ್ರೂ ಹಾಲಿವುಡ್‌ನಲ್ಲಿ ಹೀರೋ ಆಗಿದ್ದಾರಾ? (ಹೋಂಸ್ಟೇ ನಡೆಸೋರು, ಎಚ್.ಡಿ. ಕೋಟೆ)

ಉತ್ತರ: ನಿಮ್ಮ ತಾಲ್ಲೂಕಿನಲ್ಲೇ ಇಟ್ಕೊಂಡು ನನ್ನ ಕೇಳ್ತೀರಲ್ಲ ಸ್ವಾಮಿ! ಕಾರಾಪುರದ ಸಾಬು. 1924ರಲ್ಲಿ ಹುಟ್ಟಿದ್ದು, ಅಪ್ಪ ಮೈಸೂರು ಮಹಾರಾಜರ ಆನೆಗಳ ಮಾವುತ. ಕಿಪ್ಲಿಂಗ್ ಕಥೆ ಹಿಡ್ಕೊಂಡು ರಾಬರ್ಟ್ ಫ್ಲಾಹರ್ಟಿಯ ತಂಡ ಮೈಸೂರಿಗೆ ಬಂದಾಗ ಆನೆ ಲಾಯದ ಈ ಹುಡುಗ ಸಿಕ್ಕಿದ, 1937ರಲ್ಲಿ 'ಎಲಿಫೆಂಟ್ ಬಾಯ್' ಬಂತು, ಹುಡುಗ ರಾತ್ರೋರಾತ್ರಿ ಸ್ಟಾರು. ಅಲ್ಲಿಂದ ಲಂಡನ್ನು, 1940ರ 'ಥೀಫ್ ಆಫ್ ಬಾಗ್ದಾದ್', ಆಮೇಲೆ ಅಮೆರಿಕ, 1942ರ 'ಜಂಗಲ್ ಬುಕ್'ನಲ್ಲಿ ಮೋಗ್ಲಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆ ಸೇರಿ ಬಾಂಬರ್ ವಿಮಾನದ ಹಿಂಬದಿ ಗನ್ನರ್ ಆಗಿ ಪದಕ ತಗೊಂಡ. ಹಾಲಿವುಡ್ ಫುಟ್‌ಪಾತಿನ ಸ್ಟಾರುಗಳಲ್ಲಿ ಅವನ ಹೆಸರೂ ಇದೆ.

ಆದ್ರೆ ಒಂದು ಮಾತು, ಅಷ್ಟು ಚುರುಕು ನಟನಿಗೆ ಅಲ್ಲಿನೋರು ಕೊಟ್ಟಿದ್ದು ಬಹುಪಾಲು ಕಾಡು, ಆನೆ, ಪೇಟ, ಬರೀ ಮೈ ಇಷ್ಟೇ. ಹುಡುಗ ಗಂಡಸಾದ, ಪಾತ್ರ ಮಾತ್ರ ಹುಡುಗನದ್ದೇ ಉಳೀತು. ಬರ್ತಾ ಬರ್ತಾ ಸಣ್ಣ ಬಜೆಟ್ ಸಿನಿಮಾಗಳಿಗೆ ಇಳಿದು 1963ರಲ್ಲಿ 39ಕ್ಕೇ ಹೃದಯಾಘಾತದಿಂದ ಹೋಗಿಬಿಟ್ಟ. ನಿಮ್ಮ ಹೋಂಸ್ಟೇ ಊಟದ ಹಾಲಲ್ಲಿ ಹುಲಿ ಫೋಟೋ ಪಕ್ಕ ಅವನದ್ದೂ ಒಂದು ಹಾಕಿ, ಸಫಾರಿಗೆ ಬಂದೋರು ಯಾರಿದು ಅಂತ ಕೇಳೇ ಕೇಳ್ತಾರೆ.

ಪ್ರಶ್ನೆ: ಇಂಗ್ಲಿಷ್ ಸಿನಿಮಾಗೆ ನಮ್ಮ ಥಿಯೇಟರ್‌ನೋರು ಎಲ್ಲೆಲ್ಲೋ ಇಂಟರ್ವಲ್ ಕೊಡ್ತಾರೆ, ಯಾಕೆ? (ನರ್ಸ್, ಕಲಬುರಗಿ)

ಉತ್ತರ: ಅವರು ಇಂಟರ್ವಲ್ ಇಟ್ಟು ಬರೆದಿರಲ್ಲ, ನಮಗೆ ಪಾಪ್‌ಕಾರ್ನ್ ಮಾರ್ಬೇಕು. 'ಓಪನ್‌ಹೈಮರ್' ಮೂರು ಗಂಟೆ, ಒಂದ್ಸಲ ಎದ್ದು ಬಂದ್ರೆ ನನಗಂತೂ ಖುಷೀನೇ, ಆದ್ರೆ ಯಾರೋ ವಾಕ್ಯದ ಮಧ್ಯೆ ಬಾಯಿ ತೆಗೆದಿರೋವಾಗ ಲೈಟ್ ಹಾಕಿಬಿಡ್ತಾರೆ ನೋಡಿ, ಆಗ ಮೈ ಉರಿಯತ್ತೆ.

ಪ್ರಶ್ನೆ: ಮಾರ್ವೆಲ್ ಸಿನಿಮಾ ಬಗ್ಗೆ ಒಂದು ಸಾಲು? (ಒಂಬತ್ತನೇ ಕ್ಲಾಸ್, ತುಮಕೂರು)

ಉತ್ತರ: 2019ರ 'ಎಂಡ್‌ಗೇಮ್'ವರೆಗೆ ನಿನ್ನ ಜೊತೆ ಕೂತು ಚಪ್ಪಾಳೆ ಹೊಡೀತೀನಿ ಪುಟ್ಟಾ, ಅದರಾಚೆ ಬಂದಿರೋದಕ್ಕೆ ಹೋಂವರ್ಕ್ ಮಾಡ್ಕೊಂಡು ಹೋಗ್ಬೇಕು, ಆ ವಯಸ್ಸು ನನ್ನದಲ್ಲ.