ಏಳು ಗೆಲುವು, ಹತ್ತಾರು ಬಾವುಟ: ಸೊರಬದ ಓದುಗರಿಗೆ ಉತ್ತರ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಿಂದ ಬಂದು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಓದುಗರೊಬ್ಬರು ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪನವರ ಬಗ್ಗೆ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"ನಮ್ಮ ಅಜ್ಜ ಬದುಕಿರುವ ತನಕ ಬಂಗಾರಪ್ಪನವರಿಗೇ ವೋಟು ಹಾಕಿದರು. ಈ ಸಲ ಗುರುತು ಯಾವುದು ಅಂತ ಕೇಳಿಕೊಂಡು ಹೋಗುತ್ತಿದ್ದರಂತೆ. ಇದನ್ನು ಆಫೀಸಿನಲ್ಲಿ ಹೇಳಿದರೆ ಗೆಳೆಯರು ನಗುತ್ತಾರೆ. 'ಪಾರ್ಟಿ ಬದಲಿಸುವುದರಲ್ಲಿ ನಿಮ್ಮ ಬಂಗಾರಪ್ಪ ಎಲ್ಲರಿಗೂ ಗುರು' ಅಂತಾರೆ. ಅಷ್ಟು ಸಲ ಪಕ್ಷ ಬದಲಿಸಿದವರನ್ನು ಎಂಟು ಸಲ ಗೆಲ್ಲಿಸಿದ ನಮ್ಮ ಜನ ಏನೂ ತಿಳಿಯದವರೇ? ಹಾಗೆ ಗೆಲ್ಲುತ್ತಿದ್ದವರು ಕೊನೆಗೆ ಸೋತಿದ್ದು ಯಾಕೆ? ಜಾತಿ ಬಿಟ್ಟು ಬೇರೆ ಕಾರಣ ಇದ್ದರೆ ಹೇಳಿ."

ನಿಮ್ಮ ಗೆಳೆಯರ ನಗುವಿನಿಂದಲೇ ಶುರು ಮಾಡೋಣ. ಪಕ್ಷಗಳ ಪಟ್ಟಿ ಉದ್ದ ಇದೆ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಸಂಯುಕ್ತ ಸೋಷಲಿಸ್ಟ್ ಪಾರ್ಟಿ, ಸೋಷಲಿಸ್ಟ್ ಪಾರ್ಟಿ, ಕಾಂಗ್ರೆಸ್, ಕ್ರಾಂತಿರಂಗ, ಮತ್ತೆ ಕಾಂಗ್ರೆಸ್, ಕರ್ನಾಟಕ ಕಾಂಗ್ರೆಸ್ ಪಕ್ಷ, ಕರ್ನಾಟಕ ವಿಕಾಸ ಪಕ್ಷ, ಮತ್ತೆ ಕಾಂಗ್ರೆಸ್, ಬಿಜೆಪಿ, ಸಮಾಜವಾದಿ ಪಕ್ಷ, ಮತ್ತೊಮ್ಮೆ ಕಾಂಗ್ರೆಸ್, ಕೊನೆಗೆ ಜೆಡಿಎಸ್. ಓದಿದರೆ ಯಾರಿಗಾದರೂ ಸುಸ್ತಾಗುತ್ತದೆ. ಆದರೆ ಈ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟು ನೋಡಬೇಕು. ಆಯಾ ವರ್ಷ ರಾಜ್ಯದಲ್ಲಿ ಗಾಳಿ ಯಾವ ಕಡೆ ಬೀಸುತ್ತಿತ್ತು ಅನ್ನುವ ಪಟ್ಟಿ ಅದು. ಅಲ್ಲೇ ಇರುವುದು ಮಜಾ.

ಬಂಗಾರಪ್ಪ ಸೊರಬದಿಂದ ಮೊದಲು ಗೆದ್ದಿದ್ದು 1967ರಲ್ಲಿ. ಪಕ್ಷ ಸಂಯುಕ್ತ ಸೋಷಲಿಸ್ಟ್ ಪಾರ್ಟಿ. ಅದೇ ವರ್ಷ ಅದೇ ಜಿಲ್ಲೆಯ ತೀರ್ಥಹಳ್ಳಿಯಿಂದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರೂ ಅದೇ ಪಕ್ಷದಿಂದ ಗೆದ್ದು ಬಂದಿದ್ದರು. ಮುಂದೆ 1972, 1978, 1983, 1985, 1989, 1994. ಒಟ್ಟು ಏಳು, ಮಧ್ಯದಲ್ಲಿ ಒಂದೂ ಸೋಲಿಲ್ಲ.

ಈಗ ಗಾಳಿ ನೋಡಿ. 1972ರಲ್ಲಿ ಇಂದಿರಾ ಗಾಂಧಿ ಹೆಸರಿನಲ್ಲಿ ಕಾಂಗ್ರೆಸ್ 165 ಸೀಟು ಬಾಚಿಕೊಂಡಿತು. ಬಾಂಗ್ಲಾ ಯುದ್ಧ ಗೆದ್ದ ಬಿಸಿ ಇನ್ನೂ ಆರಿರಲಿಲ್ಲ. ಅಂಥ ಹೊತ್ತಿನಲ್ಲಿ ಸೊರಬ ಸಮಾಜವಾದಿಯೊಬ್ಬರನ್ನು ಆರಿಸಿತು. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಸೀಟು ಬಂತು, ಕಾಂಗ್ರೆಸ್ 65ಕ್ಕೆ ಕುಸಿಯಿತು. ಆ 65ರಲ್ಲಿ ಸೊರಬವೂ ಒಂದು. 1994ರಲ್ಲಿ ಜನತಾದಳದ ಅಲೆ. ಐದು ವರ್ಷ ಹಿಂದೆ 178 ಸೀಟು ಗೆದ್ದಿದ್ದ ಕಾಂಗ್ರೆಸ್ 34ಕ್ಕೆ ಇಳಿಯಿತು. ಬಂಗಾರಪ್ಪ ಆಗಷ್ಟೇ ಕಟ್ಟಿದ್ದ ಕರ್ನಾಟಕ ಕಾಂಗ್ರೆಸ್ ಪಕ್ಷಕ್ಕೆ ಬಂದಿದ್ದು ಬರೀ 10. ಆ ಹತ್ತರಲ್ಲೂ ಸೊರಬ ಇತ್ತು.

ಏಳರಲ್ಲಿ ಮೂರು ಗೆಲುವು ಗಾಳಿಗೆ ಎದುರಾಗಿ ಬಂದವು. ಪಕ್ಷ ಬದಲಿಸುವವರು ಸಾಮಾನ್ಯವಾಗಿ ಗೆಲ್ಲುವ ಕುದುರೆ ಹತ್ತುತ್ತಾರೆ, ಅಲ್ವಾ? ಇವರು ಎಷ್ಟೋ ಸಲ ಗೆಲ್ಲುವ ಕುದುರೆಯಿಂದ ಇಳಿದವರು. 1983ರ ಕಥೆಯನ್ನೇ ತಗೊಳ್ಳಿ. ಕ್ರಾಂತಿರಂಗ ಮತ್ತು ಜನತಾ ಒಟ್ಟಾಗಿ ಚುನಾವಣೆ ಎದುರಿಸಿದವು. ಮೊದಲ ಸಲ ರಾಜ್ಯದಲ್ಲಿ ಕಾಂಗ್ರೆಸ್ಸೇತರ ಸರ್ಕಾರ ಬಂತು. ಮಾಜಿ ಮುಖ್ಯಮಂತ್ರಿ ದೇವರಾಜ ಅರಸು 1982ರ ಜೂನ್‌ನಲ್ಲಿ ತೀರಿಕೊಂಡ ಮೇಲೆ ಅವರು ಕಟ್ಟಿದ್ದ ಕ್ರಾಂತಿರಂಗವನ್ನು ಹೆಗಲ ಮೇಲೆ ಹೊತ್ತವರು ಬಂಗಾರಪ್ಪ. ಮುಖ್ಯಮಂತ್ರಿ ಕುರ್ಚಿ ತನ್ನದು ಅಂದುಕೊಂಡಿದ್ದರು. ಸಿಕ್ಕಿದ್ದು ಹೆಗಡೆಯವರಿಗೆ. ಬಂಗಾರಪ್ಪ ಸಿಟ್ಟು ಮಾಡಿಕೊಂಡು, ಅಧಿಕಾರ ಇದ್ದ ಕಡೆಯಿಂದ ರಾಜ್ಯದಲ್ಲಿ ಅಧಿಕಾರ ಇಲ್ಲದ ಕಾಂಗ್ರೆಸ್ ಕಡೆಗೆ ನಡೆದರು. ಇದನ್ನು ತತ್ವ ಅಂತ ನಾನು ಕರೆಯುವುದಿಲ್ಲ. ಹಟ ಅನ್ನಿ, ಸಾಕು. ಆದರೆ ದುಡ್ಡಿಗೋ ಮಂತ್ರಿಗಿರಿಗೋ ರಾತ್ರೋರಾತ್ರಿ ರೆಸಾರ್ಟ್ ಸೇರುವ ಈಗಿನ ಆಟಕ್ಕೂ ಇದಕ್ಕೂ ಒಂದೇ ಹೆಸರು ಇಡುವುದು ನನಗೆ ಸರಿ ಕಾಣುವುದಿಲ್ಲ. ಹೊಸ ಬಾವುಟ ಹಿಡಿದ ಮೇಲೆ ಅವರು ಬಹುಪಾಲು ಮತ್ತೆ ಮತದಾರರ ಮುಂದೆ ಹೋಗಿ ನಿಂತರು. 2005ರಲ್ಲಂತೂ ಬಿಜೆಪಿ ಬಿಡುವಾಗ ಲೋಕಸಭಾ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಸಮಾಜವಾದಿ ಪಕ್ಷದ ಸೈಕಲ್ ಗುರುತಿನಲ್ಲಿ ಉಪಚುನಾವಣೆಗೆ ನಿಂತು ಗೆದ್ದರು.

ಇನ್ನು ನಿಮ್ಮ ಅಜ್ಜನ ವಿಷಯ. ನೀವು ಜಾತಿ ಬಿಟ್ಟು ಹೇಳಿ ಅಂದಿದ್ದೀರಿ. ಪೂರ್ತಿ ಬಿಡಲು ಆಗುವುದಿಲ್ಲ. ಸೊರಬ, ಸಾಗರದ ಕಡೆ ದೀವರು ಎಂಬ ಹಿಂದುಳಿದ ಸಮುದಾಯದವರು ಸಂಖ್ಯೆಯಲ್ಲಿ ಜಾಸ್ತಿ, ಬಂಗಾರಪ್ಪ ಅವರಲ್ಲೊಬ್ಬರು. ಅದು ದೊಡ್ಡ ಬಲ. ಆದರೆ ಆ ಜಾತಿ ಆ ಕಾಲದಲ್ಲಿ ಜಮೀನಿನ ಪ್ರಶ್ನೆಯ ಜೊತೆ ಹೆಣೆದುಕೊಂಡಿತ್ತು ಅನ್ನುವುದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಜಗಳದ ಒಂದು ಮೂಲ ಕೊಳಗ, ಅಂದರೆ ಧಾನ್ಯ ಅಳೆಯುವ ಪಾತ್ರೆ. ಸುಗ್ಗಿ ಮುಗಿದು ಕಣದಲ್ಲಿ ಭತ್ತ ರಾಶಿ ಬಿದ್ದಾಗ ಜಮೀನಿನ ಒಡೆಯರ ಕಡೆಯವರು ಗೇಣಿ, ಅಂದರೆ ಉಳುವವರು ಜಮೀನಿಗೆ ಕೊಡಬೇಕಾದ ಪಾಲು, ಅಳೆದುಕೊಳ್ಳಲು ತಮ್ಮದೇ ಕೊಳಗ ತರುತ್ತಿದ್ದರು. ಅದು ವಾಡಿಕೆಯ ಕೊಳಗಕ್ಕಿಂತ ದೊಡ್ಡದು. ಪ್ರತಿ ಅಳತೆಯಲ್ಲೂ ಒಂದಷ್ಟು ಭತ್ತ ಜಾಸ್ತಿ ಹೋಗುತ್ತಿತ್ತು. ಬಿತ್ತಿದವರು, ಕೊಯ್ದವರು, ಬಡಿದವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು "ಇನ್ನು ಸಾಕು" ಅಂದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು. ಜೂನ್‌ನಲ್ಲಿ ಸಾಗರದ ರೈಲ್ವೆ ಸ್ಟೇಷನ್ನಿನಲ್ಲಿ ಅವರನ್ನು ಬಂಧಿಸಲಾಯಿತು. ಆ ಗೇಣಿದಾರರಲ್ಲಿ ಹೆಚ್ಚಿನವರು ದೀವರು.

ಹಾಗಾಗಿ ಆ ಸೀಮೆಯಲ್ಲಿ "ಸಮಾಜವಾದಿ" ಅಂದರೆ ಪುಸ್ತಕದ ಮಾತಾಗಿರಲಿಲ್ಲ. ಕಣಕ್ಕೆ ಬಂದು ಕೊಳಗ ನೋಡುವವನು ಅಂತ ಅರ್ಥ. 1972ರಲ್ಲಿ ಕಾಂಗ್ರೆಸ್ ಅಲೆಯ ನಡುವೆಯೂ ಶಿವಮೊಗ್ಗ ಜಿಲ್ಲೆಯಿಂದ ಬಂಗಾರಪ್ಪ, ಕಾಗೋಡು ತಿಮ್ಮಪ್ಪ, ಕೋಣಂದೂರು ಲಿಂಗಪ್ಪ ಮೂವರೂ ಗೆದ್ದಿದ್ದಕ್ಕೆ ಇದೇ ಹಿನ್ನೆಲೆ. 1974ರಲ್ಲಿ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುತ್ತಿದ್ದ ಜಮೀನು ತಮ್ಮ ಹೆಸರಿಗೆ ಆಗಲು ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ಅಸಿಸ್ಟೆಂಟ್ ಕಮಿಷನರ್ (ಎ.ಸಿ.) ಅದರ ಅಧ್ಯಕ್ಷರು, ಉಳಿದವರು ಸರ್ಕಾರ ನೇಮಿಸಿದ ಸದಸ್ಯರು. ಅಕ್ಷರ ಬಾರದ ರೈತ ಆ ಫಾರಂ ಹಿಡಿದುಕೊಂಡು ಯಾರ ಮನೆ ಬಾಗಿಲಿಗೆ ಹೋಗಿರಬಹುದು? ಕಾನೂನು ಓದಿದ್ದ ತಾಲೂಕಿನ ಶಾಸಕರೇ ಹತ್ತಿರ ಇದ್ದಾಗ? ಫಾರಂ ನಂಬರ್ 7 ತುಂಬಿ ಪಹಣಿಯಲ್ಲಿ ಹೆಸರು ಕಂಡವನಿಗೆ ಮುಂದಿನ ಸಲ ಗುರುತು ಯಾವುದಾದರೇನು? ನಿಮ್ಮ ಅಜ್ಜ "ಈ ಸಲ ಗುರುತು ಯಾವುದು" ಅಂತ ಕೇಳಿದ್ದರಲ್ಲಿ ನಗುವಂಥದ್ದು ನನಗೆ ಕಾಣುವುದಿಲ್ಲ. ವೋಟು ಯಾರಿಗೆ ಅನ್ನುವುದು ಅವರಿಗೆ ಗೊತ್ತಿತ್ತು. ಬಟನ್‌ಗೋ ಮುದ್ರೆಗೋ ಬೇಕಾದ ವಿವರ ಅಷ್ಟೇ ಕೇಳುತ್ತಿದ್ದರು.

ಮುಖ್ಯಮಂತ್ರಿಯಾಗಿದ್ದ ಎರಡು ವರ್ಷದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀವು ಕೇಳಿದ್ದು ಅದಲ್ಲ. 1990ರ ಅಕ್ಟೋಬರ್‌ನಿಂದ 1992ರ ನವೆಂಬರ್‌ವರೆಗೆ. ಹತ್ತು ಎಚ್.ಪಿ.ವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್, ಆಶ್ರಯ ಮನೆ, ದೇವಸ್ಥಾನಗಳಿಗೆ ಆರಾಧನಾ, ಹಳ್ಳಿಯ ಹುಡುಗರಿಗೆ ಸರ್ಕಾರಿ ನೇಮಕಾತಿಯಲ್ಲಿ ಕೃಪಾಂಕ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ವಿರುದ್ಧ 1991ರಲ್ಲಿ ಸುಗ್ರೀವಾಜ್ಞೆ ಹೊರಡಿಸಿದ್ದೂ ಆಗಲೇ. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕ್ಲಾಸಿಕ್ ಕಂಪ್ಯೂಟರ್ ಖರೀದಿಯ ಆರೋಪವೂ ಆ ಕಾಲದ್ದೇ. ಹಳ್ಳಿಗಳಲ್ಲಿ ಇವತ್ತಿಗೂ ಯಾವ ಯೋಜನೆಯ ಮನೆಯನ್ನಾದರೂ "ಆಶ್ರಯ ಮನೆ" ಅನ್ನುವವರಿದ್ದಾರೆ.

ಈಗ ಸೋಲಿನ ಪ್ರಶ್ನೆ. ನನ್ನ ಪ್ರಕಾರ ಪತ್ರದಲ್ಲಿ ಇದೇ ಒಳ್ಳೆಯ ಪ್ರಶ್ನೆ.

1996ರಲ್ಲಿ ಬಂಗಾರಪ್ಪ ಲೋಕಸಭೆಗೆ ಹೋದರು. ಶಿವಮೊಗ್ಗದಿಂದ 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷ, 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರಲ್ಲಿ ಸಮಾಜವಾದಿ ಪಕ್ಷ. ನಾಲ್ಕು ಗೆಲುವು, ನಾಲ್ಕೂ ಬೇರೆ ಬೇರೆ ಪಕ್ಷದಿಂದ. ನಡುವೆ 1998ರಲ್ಲಿ ಬಿಜೆಪಿಯ ಆಯನೂರು ಮಂಜುನಾಥ್ ಎದುರು ಒಂದು ಸೋಲು. ಜನರಿಗೆ ನೆನಪಿರುವುದು ನಾಲ್ಕು ಗೆಲುವು. ನಾನು ಬೆರಳಿಡುವುದು ಅದೇ 2004ರ ಇನ್ನೊಂದು ಫಲಿತಾಂಶದ ಮೇಲೆ.

ಆ ಸಲ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಮತದಾನ. ಸೊರಬದ ಮತಗಟ್ಟೆಗೆ ಹೋದವರು ಎರಡು ಯಂತ್ರದಲ್ಲಿ ಎರಡು ಬಟನ್ ಒತ್ತಬೇಕಿತ್ತು. ಒಂದರಲ್ಲಿ ಕಮಲದ ಗುರುತಿನಲ್ಲಿ ಬಂಗಾರಪ್ಪ. ಇನ್ನೊಂದರಲ್ಲಿ ಕಮಲದ ಗುರುತಿನಲ್ಲಿ ಕಿರಿಯ ಮಗ ಮಧು, ಕೈ ಗುರುತಿನಲ್ಲಿ ಹಿರಿಯ ಮಗ ಕುಮಾರ್. ಲೋಕಸಭೆಗೆ ಅಪ್ಪ ಗೆದ್ದರು. ಸೊರಬದಲ್ಲಿ ಅಪ್ಪನ ಪಕ್ಷದ ಮಗ ಸೋತರು, ಎದುರು ಪಕ್ಷದ ಮಗ ಗೆದ್ದರು. ಅಂದರೆ ಬಂಗಾರಪ್ಪ ತನಗಾಗಿ ಕೇಳಿದರೆ ಜನ ಕೊಡುತ್ತಿದ್ದರು. ಇವನಿಗೆ ಹಾಕಿ ಅಂತ ಬೇರೆಯವರ ಕಡೆ, ಸ್ವಂತ ಮಗನ ಕಡೆ ಕೈ ತೋರಿಸಿದರೂ, ನಾವು ಯೋಚನೆ ಮಾಡ್ತೀವಿ ಅಂದರು. ಪತ್ರಿಕೆಗಳು ಆಗ ಅಣ್ಣ-ತಮ್ಮಂದಿರ ಜಗಳವನ್ನೇ ಬರೆದವು. ಮತದಾರರು ಹೇಳಿದ್ದನ್ನು ಅಷ್ಟಾಗಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅನ್ನಿಸುತ್ತದೆ.

ಅದೇ ಚುನಾವಣೆಯಲ್ಲಿ ಇನ್ನೂ ಒಂದು ನಡೆಯಿತು. ಬಿಜೆಪಿ ವಿಧಾನಸಭೆಯಲ್ಲಿ 79 ಸೀಟಿನೊಂದಿಗೆ ಮೊದಲ ಸಲ ಅತಿ ದೊಡ್ಡ ಪಕ್ಷವಾಯಿತು, ಲೋಕಸಭೆಗೆ 28ರಲ್ಲಿ 18 ಗೆದ್ದಿತು. ಇದೆಲ್ಲ ಬಂಗಾರಪ್ಪನವರಿಂದಲೇ ಆಯಿತು ಅನ್ನುವುದು ಅತಿಯಾಯಿತು. ಆದರೆ ಮಲೆನಾಡಿನ ಹಿಂದುಳಿದ ವರ್ಗದ ಎಷ್ಟೋ ಮನೆಗಳಲ್ಲಿ ಕಮಲಕ್ಕೆ ವೋಟು ಹಾಕುವುದು ಆವರೆಗೆ ರೂಢಿ ಇರಲಿಲ್ಲ. ಬಂಗಾರಪ್ಪ ನಿಂತಿದ್ದಾರೆ ಅಂತ ಹಾಕಿದರು. ಒಂದು ವರ್ಷದೊಳಗೆ ಬಂಗಾರಪ್ಪ ಆ ಪಕ್ಷ ಬಿಟ್ಟರು. ಹಾಕಿದವರೆಲ್ಲ ಬಿಡಲಿಲ್ಲ. ಉಪಚುನಾವಣೆಯಲ್ಲಿ ಅವರೇ ಗೆದ್ದರಲ್ಲ ಅಂತ ನೀವು ಕೇಳಬಹುದು. ಹೌದು, ಅಲ್ಲಿ ಇದ್ದಿದ್ದು ಅವರೊಬ್ಬರ ಪ್ರಶ್ನೆ. 2008ರಲ್ಲಿ ಇಡೀ ರಾಜ್ಯದ ಪ್ರಶ್ನೆ ಎದುರಿಗೆ ಬಂತು.

2008ರಲ್ಲಿ ಬಂಗಾರಪ್ಪ ಸೊರಬ ಬಿಟ್ಟು ಶಿಕಾರಿಪುರಕ್ಕೆ ಹೋಗಿ ಯಡಿಯೂರಪ್ಪನವರ ಎದುರು ನಿಂತರು. ಸುಮಾರು 46 ಸಾವಿರ ಮತಗಳ ಸೋಲು. ಯಡಿಯೂರಪ್ಪ ಮುಖ್ಯಮಂತ್ರಿಯಾಗುತ್ತಾರೆ ಅಂತ ಊರೆಲ್ಲ ಮಾತಾಡುತ್ತಿರುವಾಗ ಅವರ ಊರಿಗೇ ಹೋಗಿ ಸವಾಲು ಹಾಕಿದ್ದು ಬಂಗಾರಪ್ಪನವರ ಸ್ವಭಾವಕ್ಕೆ ತಕ್ಕದ್ದೇ. ಇತ್ತ ಸೊರಬದಲ್ಲಿ ಅಣ್ಣ-ತಮ್ಮ ಇಬ್ಬರೂ ನಿಂತು ಇಬ್ಬರೂ ಸೋತರು. ಗೆದ್ದವರು ಬಿಜೆಪಿಯ ಹರತಾಳು ಹಾಲಪ್ಪ. ಅವರು ಹೊಸನಗರದ ಶಾಸಕರಾಗಿದ್ದವರು. ಕ್ಷೇತ್ರ ಮರುವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರವೇ ಇಲ್ಲವಾಯಿತು, ಸೊರಬಕ್ಕೆ ಬಂದರು. ಅವರೂ ಅದೇ ಸಮುದಾಯದವರು. ಬರೀ ಜಾತಿಯ ಲೆಕ್ಕವೇ ಆಗಿದ್ದರೆ ಮೂವರಲ್ಲಿ ಬಂಗಾರಪ್ಪನವರ ಮಕ್ಕಳನ್ನು ಬಿಟ್ಟು ಹೊರಗಿನಿಂದ ಬಂದವರನ್ನು ಯಾಕೆ ಆರಿಸಬೇಕು? 2009ರಲ್ಲಿ ಬಂಗಾರಪ್ಪ ಲೋಕಸಭೆಗೆ ಕಾಂಗ್ರೆಸ್ಸಿನಿಂದ ನಿಂತು ಯಡಿಯೂರಪ್ಪನವರ ಮಗ ಬಿ.ವೈ. ರಾಘವೇಂದ್ರ ಎದುರು ಸೋತರು. ಆ ಹೊತ್ತಿಗೆ ಕ್ಷೇತ್ರವೂ ಹಳೆಯದಾಗಿ ಉಳಿದಿರಲಿಲ್ಲ, ಘಟ್ಟದ ಕೆಳಗಿನ ಬೈಂದೂರು ಸೇರಿಕೊಂಡಿತ್ತು. 2010ರ ಕೊನೆಗೆ ಜೆಡಿಎಸ್ ಸೇರಿದರು. 2011ರ ಡಿಸೆಂಬರ್ 26ರಂದು ತೀರಿಕೊಂಡರು.

ಇನ್ನೂ ಒಂದು ಕಾರಣ ಸೇರಿಸುತ್ತೇನೆ. ಫಾರಂ ನಂಬರ್ 7 ತುಂಬಿದ ತಲೆಮಾರು 2008ರ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿತ್ತು. ಮೊಮ್ಮಕ್ಕಳಿಗೆ ಜಮೀನು ಹುಟ್ಟಿದಾಗಿನಿಂದ ತಮ್ಮದೇ. ಅದಕ್ಕೆ ಯಾರಿಗೂ ಋಣ ಇಲ್ಲ. ಅವರಿಗೆ ಬೇಕಾಗಿದ್ದು ನೀರು, ಸರ್ಕಾರಿ ಜಮೀನಿನ ಸಾಗುವಳಿಗೆ (ಬಗರ್‌ಹುಕುಂ) ಸಕ್ರಮ, ಬೆಂಗಳೂರಿನಲ್ಲಿ ಒಂದು ಕೆಲಸ. ನೀವೇ ಅಲ್ಲಿ ಕೂತು ಪತ್ರ ಬರೆದಿದ್ದೀರಿ.

ಸೊರಬ ಆಮೇಲೂ ಆ ಮನೆಯನ್ನು ಪೂರ್ತಿ ಬಿಡಲಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. 2013ರಲ್ಲಿ ಜೆಡಿಎಸ್‌ನಿಂದ ಮಧು, 2018ರಲ್ಲಿ ಬಿಜೆಪಿಯಿಂದ ಕುಮಾರ್, 2023ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಮಧು. ಆದರೆ ಅಪ್ಪನಿಗೆ 27 ವರ್ಷ ಬಿಡುವಿಲ್ಲದೆ ಕೊಟ್ಟ ಜನ ಮಕ್ಕಳನ್ನು ಐದೈದು ವರ್ಷಕ್ಕೆ ಬದಲಿಸುತ್ತಿದ್ದಾರೆ. ಇದನ್ನು ನಾನು ಮತದಾರರ ಚಂಚಲತೆ ಅನ್ನುವುದಿಲ್ಲ, ಜಾಣತನ ಅನ್ನುತ್ತೇನೆ. ಆಫೀಸಿನ ಗೆಳೆಯರಿಗೆ ಬೇಕಿದ್ದರೆ ಇದನ್ನೂ ಹೇಳಿ.

ಕೊನೆಗೆ ಒಂದು ಸಣ್ಣ ತಿದ್ದುಪಡಿ. ಸೊರಬದಿಂದ ಎಂಟು ಗೆಲುವು ಅಂತ ಬರೆದಿದ್ದೀರಿ. ಅದು ಏಳೇ. ಎಂಟನೆಯದು ಅಂತ ನೀವು ಎಣಿಸಿದ್ದು ಬಹುಶಃ 1996ರ ಉಪಚುನಾವಣೆ. ಅಪ್ಪ ಲೋಕಸಭೆಗೆ ಹೋಗಿ ಖಾಲಿಯಾದ ಆ ಸ್ಥಾನಕ್ಕೆ ಗೆದ್ದು ಬಂದವರು ಕುಮಾರ್ ಬಂಗಾರಪ್ಪ.

— ಸಂಪಾದಕ