ಪಂಪ್ ಮನೆಗೆ ನೆಟ್ ಒಯ್ಯುವ ವಿಚಾರ: ಆ ಕೇಬಲ್ ಎಳೆಯಬೇಡಿ ಭಾವ

ಭಾವ, ನಿಮ್ಮ ಮೆಸೇಜು ನಿನ್ನೆ ರಾತ್ರಿಯೇ ನೋಡಿದ್ದೆ. ಕರೆಂಟಿರಲಿಲ್ಲ, ಫೋನಿನಲ್ಲಿ ಚಾರ್ಜೂ ಇರಲಿಲ್ಲ. ಈಗ ಜಗುಲಿಯಲ್ಲಿ ಕೂತು ಬರೀತಿದ್ದೇನೆ, ಸ್ವಲ್ಪ ಉದ್ದವಾದೀತು.

ನೀವು ಹೇಳಿದ್ದು ಇಷ್ಟು: ಮನೆಗೆ ಫೈಬರ್ (ಬೆಳಕಿನಲ್ಲಿ ನೆಟ್ ತರುವ ಗಾಜಿನ ಎಳೆಯ ಕೇಬಲ್) ಬಂದಿದೆ. ಅಂಗಳದಲ್ಲಿ ಅಡಿಕೆ ಒಣಹಾಕಿದಾಗ ನೋಡಿಕೊಳ್ಳಲು ಒಂದು ಕ್ಯಾಮೆರಾ, ಕೆಳಗೆ ತೋಟದ ಪಂಪ್ ಮನೆಗೆ ಇನ್ನೊಂದು. ಪಂಪ್ ಮನೆ 160 ಮೀಟರ್ ದೂರ. ಶಿರಸಿಯ ಅಂಗಡಿಯವರೊಬ್ಬರು 305 ಮೀಟರಿನ ಲ್ಯಾನ್ ಕೇಬಲ್ (ನೆಟ್ ಒಯ್ಯುವ ತಾಮ್ರದ ತಂತಿ) ಬಾಕ್ಸ್ ಕೊಟ್ಟು, "ಅಡಿಕೆ ಮರಕ್ಕೆ ಕಟ್ಟಿಕೊಂಡು ಹೋಗಿ, ಸಾಲದಿದ್ರೆ ಬೂಸ್ಟರ್ ಹಾಕಿ" ಅಂದಿದ್ದಾರೆ. ಓಎನ್‌ಯು, ರೂಟರ್, ಸ್ವಿಚ್ಚು ಅಂದ್ರೆ ಯಾವುದು ಯಾವುದು ಅಂತಲೂ ಕೇಳಿದ್ದೀರಿ.

ಬಾಕ್ಸಿನ ಸೀಲ್ ಒಡೆಯಬೇಡಿ. ಲ್ಯಾನ್ ಕೇಬಲ್ಲಿಗೆ ಲೆಕ್ಕ 100 ಮೀಟರ್, ಅದರ ದರ್ಜೆ ಕ್ಯಾಟ್ 5ಇ ಆಗಲಿ ಕ್ಯಾಟ್ 6 ಆಗಲಿ. ಅದರಾಚೆ ಕೆಲವು ಸಲ ನಡೆದಂತೆ ಕಾಣುತ್ತದೆ, ಮಳೆ ಬಂದ ದಿನ ಕೈಕೊಡುತ್ತದೆ. ಆದರೆ ನನ್ನ ಹೆದರಿಕೆ ಅದಲ್ಲ, ಸಿಡಿಲು.

ನಾನೇ ಮಾಡಿಕೊಂಡ ತಪ್ಪು ಹೇಳುತ್ತೇನೆ. ಮನೆಯಿಂದ ಕೊಟ್ಟಿಗೆಗೆ ಬರೀ 40 ಮೀಟರ್ ಲ್ಯಾನ್ ಕೇಬಲ್ಲನ್ನು ತಂತಿಗೆ ನೇತುಹಾಕಿದ್ದೆ. ಮೇ ತಿಂಗಳ ಒಂದು ಸಂಜೆ ಕೊಟ್ಟಿಗೆ ಹಿಂದಿನ ತೆಂಗಿನ ಮರಕ್ಕೆ ಹೊಡೆಯಿತು. ಕೇಬಲ್ಲಿಗೆ ತಾಗಿದ್ದೇ ಇಲ್ಲ, ಪಕ್ಕದಲ್ಲಿ ಬಿದ್ದದ್ದು ಅಷ್ಟೇ. ಹತ್ತಿರ ಸಿಡಿಲು ಬಿದ್ದರೆ ಉದ್ದದ ತಾಮ್ರದ ತಂತಿಯಲ್ಲಿ ತಾನಾಗೇ ವೋಲ್ಟೇಜ್ ಹುಟ್ಟುತ್ತದೆ. ಕೊಟ್ಟಿಗೆಯ ಕ್ಯಾಮೆರಾ, ಮನೆಯೊಳಗಿನ ನೆಟ್ ಸ್ವಿಚ್ಚು (ಕೇಬಲ್ ಸಿಕ್ಕಿಸುವ ಕಿಂಡಿಗಳ ಡಬ್ಬಿ), ಅದಕ್ಕೆ ಸಿಕ್ಕಿಸಿದ್ದ ಟಿವಿ ಎಲ್ಲ ಹೋಯಿತು. ಸ್ವಿಚ್ಚಿನ ಒಂದು ಕಿಂಡಿಯೊಳಗೆ ಬೆರಳು ಹಾಕಿದರೆ ದೀಪದ ಕಪ್ಪಿನ ಹಾಗೆ ಮಸಿ. ವಾಸನೆ ಎರಡು ದಿನ ಹೋಗಲಿಲ್ಲ. ನಿಮ್ಮದು ಇದರ ನಾಲ್ಕು ಪಟ್ಟು ಉದ್ದ, ಅದೂ ಮರಗಳ ನಡುವೆ.

ಇನ್ನು ಡಬ್ಬಿಗಳ ಹೆಸರು. ಹೊರಗಿಂದ ಬಂದ ಕಪ್ಪು ಫೈಬರ್ ಹೋಗಿ ಸೇರುತ್ತದಲ್ಲ, ಅದು ಓಎನ್‌ಯು. ಫೈಬರಿನ ಬೆಳಕನ್ನು ವಿದ್ಯುತ್ ಸಿಗ್ನಲ್ಲಾಗಿ ಮಾಡುವುದು ಅದರ ಕೆಲಸ. ಅದರಲ್ಲಿ ಎಲ್‌ಒಎಸ್ ಅಂತ ಕೆಂಪು ದೀಪ ಮಿಟುಕಿದರೆ ಬೆಳಕೇ ಬರ್ತಿಲ್ಲ ಅಂತ ಅರ್ಥ. ಹತ್ತು ಸಲ ಆಫ್-ಆನ್ ಮಾಡಿ ಪ್ರಯೋಜನವಿಲ್ಲ, ಎಲ್ಲೋ ಮಂಗ ಜೋತುಬಿದ್ದಿದೆ ಅಥವಾ ಮರ ಬಿದ್ದಿದೆ, ಲೈನಿನವರಿಗೆ ಫೋನ್ ಮಾಡಿ. ರೂಟರ್ ಅಂದರೆ ಹೊರಗಿನ ಒಂದು ಸಂಪರ್ಕವನ್ನು ಮನೆಯ ಎಲ್ಲ ಸಾಧನಗಳಿಗೆ ಹಂಚಿ, ಯಾರಿಗೆ ಬಂದದ್ದು ಯಾರಿಗೆ ಅಂತ ನೋಡಿ ಮುಟ್ಟಿಸುವುದು. ಈಗ ಮನೆಗೆ ಹಾಕಿಕೊಡುವ ಓಎನ್‌ಯುಗಳಲ್ಲಿ ಹೆಚ್ಚಿನವಕ್ಕೆ ರೂಟರ್, ವೈಫೈ ಎರಡೂ ಒಳಗೇ ಇರುತ್ತವೆ. ಸ್ವಿಚ್ಚಿಗೆ ಅಷ್ಟು ಬುದ್ಧಿ ಬೇಡ, ಕಿಂಡಿ ಸಾಲದಾದಾಗ ಹೆಚ್ಚಿಗೆ ಕಿಂಡಿ ಕೊಡುತ್ತದೆ ಅಷ್ಟೇ. ಬೂಸ್ಟರ್ ಅಂದರೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ, ಅದರ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯವಿಲ್ಲ. ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ತಿರುಗಿ ಹೇಳುವ ಬೂಸ್ಟರಿನಲ್ಲಿ ವೇಗ ಅರ್ಧಕ್ಕೆ ಇಳಿಯುತ್ತದೆ. ಚಿರೇಕಲ್ಲಿನ ಗೋಡೆ ದಾಟಿ, ಕಣಿವೆ ಇಳಿದು, ಒದ್ದೆ ಸೋಗೆಗಳ ನಡುವೆ ವೈಫೈ 160 ಮೀಟರ್ ಹೋಗುವುದು ಆಗದ ಮಾತು.

ಪಂಪ್ ಮನೆಗೆ ಫೈಬರ್ರೇ ಒಯ್ಯಿರಿ. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ, 160 ಮೀಟರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಅಂತ ಅಂಗೈಯಗಲದ ಡಬ್ಬಿ ಬರುತ್ತದೆ, ಫೈಬರಿನ ಬೆಳಕನ್ನೂ ಲ್ಯಾನ್ ಕೇಬಲ್ಲಿನ ವಿದ್ಯುತ್ತನ್ನೂ ಅದಲುಬದಲು ಮಾಡಿಕೊಡುವುದು. ಒಂದೇ ಎಳೆಯಲ್ಲಿ ನಡೆಯುವುದಾದರೆ ಜೋಡಿಯಾಗಿಯೇ ಕೊಳ್ಳಬೇಕು: ಒಂದು 1310 ನ್ಯಾನೋಮೀಟರ್ ಬೆಳಕು ಕಳಿಸಿ 1550 ಕೇಳುತ್ತದೆ, ಇನ್ನೊಂದು ಅದಕ್ಕೆ ತಿರುಗುಮುರುಗು. ಎರಡೂ ಒಂದೇ ನಮೂನೆಯದ್ದು ತಂದರೆ ಸಂಪರ್ಕದ ದೀಪವೇ ಹತ್ತುವುದಿಲ್ಲ. ನನ್ನ ಷಡ್ಕ ತಂದು ಒಂದು ವಾರ ತಲೆ ಕೆರೆದುಕೊಂಡಿದ್ದ. ಫೈಬರಿನ ತಲೆಯ (ತುದಿಯ ಪ್ಲಗ್ಗಿನ) ಬಣ್ಣವನ್ನೂ ನೋಡಿ. ನೀಲಿ ತಲೆ ನೀಲಿ ಕಿಂಡಿಗೆ, ಹಸಿರು ಹಸಿರಿಗೆ. ಅದಲುಬದಲು ಮಾಡಿದರೂ ಒಳಗೆ ಕೂರುತ್ತದೆ, ತೊಂದರೆ ಅದೇ; ತುದಿಯ ಅರೆದ ಕೋನ ಬೇರೆ, ಬೆಳಕು ಸೋರುತ್ತದೆ.

ಇಲ್ಲೊಂದು ಸೂಕ್ಷ್ಮ. ಕಂಬದಿಂದ ಮನೆಗೆ ಎಳೆಯುವ ಚಪ್ಪಟೆ ಕಪ್ಪು ಫೈಬರಿನ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಉಕ್ಕಿನ ತಂತಿ ಇರುತ್ತದೆ, ಭಾರ ತಡೆಯಲಿಕ್ಕೆ. ಕೆಲವದರಲ್ಲಿ ಒಳಗೂ ಉಕ್ಕಿನ ಎಳೆ ಇರುತ್ತದೆ. ಅದನ್ನೇ ತಂದರೆ ತಾಮ್ರ ಬಿಟ್ಟು ಉಕ್ಕು ಕಟ್ಟಿದ ಹಾಗಾಯಿತು. ಲೋಹವೇ ಇಲ್ಲದ್ದು, ನಾರಿನ ಬಲ ಕೊಟ್ಟದ್ದು ಬೇಕು ಅಂತ ಕೇಳಿ ತನ್ನಿ. ಹಳೇ ಕಪ್ಪು ನೀರಿನ ಪೈಪಿನೊಳಗೆ ತೂರಿಸಿ ಒಂದೂವರೆ ಅಡಿ ಆಳದಲ್ಲಿ ಹೂಳಿದರೆ ಮಂಗನ ಕಾಟವೂ ತಪ್ಪುತ್ತದೆ. ಬಸಿಗಾಲುವೆ ಬದಿಗೆ ಮಾತ್ರ ಬೇಡ, ಮುಂದಿನ ವರ್ಷ ಕಾಲುವೆ ಬಿಡಿಸುವವರು ಹಾರೆಯಲ್ಲಿ ಕತ್ತರಿಸುತ್ತಾರೆ. ತಿರುವಿನಲ್ಲಿ ಬಳೆಗಿಂತ ಸಣ್ಣ ಸುತ್ತು ಮಾಡಬೇಡಿ. ಪಂಪ್ ಮನೆಯ ಕರೆಂಟ್ ಲೈನಿನಲ್ಲಿ ಸಿಡಿಲು ಬರುವುದನ್ನು ಫೈಬರ್ ತಡೆಯಲಾರದು, ಗುಡುಗು ಶುರುವಾಗುವ ಮೊದಲೇ ಅಲ್ಲಿನ ಪ್ಲಗ್ ಕೀಳಲೇಬೇಕು.

ಅಂಗಳದ ಕ್ಯಾಮೆರಾ ಮಾಡಿಗೇ ಕೂರುವುದರಿಂದ ಲ್ಯಾನ್ ಕೇಬಲ್ ಸಾಕು, ಗೋಡೆಯೊಳಗಿಂದ ಹತ್ತು-ಹದಿನೈದು ಮೀಟರ್. ಪಿಒಇ ಸ್ವಿಚ್ ಹಾಕಿದರೆ ಅದೇ ಕೇಬಲ್ಲಿನಲ್ಲಿ ಕ್ಯಾಮೆರಾಕ್ಕೆ ಕರೆಂಟೂ ಹೋಗುತ್ತದೆ, ಮಾಡಿನಡಿ ಅಡಾಪ್ಟರ್ ಇಟ್ಟು ಅದರಲ್ಲಿ ಕಟ್ಟಿರುವೆ ಗೂಡು ಕಟ್ಟುವುದು ತಪ್ಪುತ್ತದೆ. ಆದರೆ ಕೇಬಲ್ ಅಪ್ಪಟ ತಾಮ್ರದ್ದೇ ಆಗಬೇಕು. ಬಾಕ್ಸಿನ ಮೇಲೆ ಸಿಸಿಎ ಅಂತಿದ್ದರೆ ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ. ಒಂದು ಎಳೆಯ ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ: ಬೆಳ್ಳಗೆ ಕಂಡರೆ ವಾಪಸು. ತಲೆ ಕಟ್ಟುವಾಗ ಎಂಟು ಎಳೆಯ ಕ್ರಮ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕ್ಲಿಪ್ಪು ಕೆಳಗೆ ಮಾಡಿ ಎಡದಿಂದ ಎಣಿಸಬೇಕು. ಎರಡೂ ತುದಿಗೆ ಇದೇ.

ಹಳೇ ರೂಟರ್ ಮೆತ್ತಿಯ ಮೇಲಿಟ್ಟು ವೈಫೈ ಮಾಡಿಕೊಳ್ಳಬಹುದಾ ಅಂದಿರಿ. ಆಗುತ್ತದೆ, ಆದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ. ಅದು ಪಂಕ್ತಿಯಲ್ಲಿ ಬಾಳೆ ಹಾಕುವವನ ಕೆಲಸ, ಬಂದವರಿಗೆಲ್ಲ ಒಂದೊಂದು ಐಪಿ ನಂಬರ್ ಕೊಟ್ಟು ಕೂರಿಸುತ್ತದೆ. ಇಬ್ಬರು ಬಾಳೆ ಹಾಕಲು ಹೊರಟರೆ ಒಂದೇ ಜಾಗಕ್ಕೆ ಇಬ್ಬರು ಕೂರುತ್ತಾರೆ, ಇಬ್ಬರಿಗೂ ಊಟವಿಲ್ಲ. ಓಎನ್‌ಯು 192.168.1.1 ಆಗಿದ್ದರೆ ಹಳೆಯದಕ್ಕೆ 192.168.1.2 ಅಂತ ಬರೆಯಿರಿ, ಕೇಬಲ್ಲನ್ನು ಅದರ ವ್ಯಾನ್ ಕಿಂಡಿಗೆ (ಹೊರಗಿನ ನೆಟ್ ಸೇರುವ ಕಿಂಡಿ) ಹಾಕದೆ ಲ್ಯಾನ್ ಕಿಂಡಿಗೆ (ಮನೆಯ ಸಾಧನಗಳ ಕಿಂಡಿ) ಹಾಕಿ. ಕಡಿಮೆ ಬೆಲೆಯ ವೈಫೈ ಕ್ಯಾಮೆರಾ ತರುವುದಿದ್ದರೆ ವೈಫೈಯ ಎರಡು ತರಂಗಗಳಲ್ಲಿ 2.4 ಗಿಗಾಹರ್ಟ್ಸ್ ಚಾಲೂ ಇಟ್ಟಿರಿ, ಅವುಗಳಲ್ಲಿ ಹೆಚ್ಚಿನವಕ್ಕೆ 5 ಗಿಗಾಹರ್ಟ್ಸ್ ಗೊತ್ತಿಲ್ಲ.

ಸಂಜೆಯೊಳಗೆ ಓಎನ್‌ಯುವಿನ ಹಿಂಬದಿಯ ಫೋಟೋ ಒಂದು ಕಳಿಸಿ, ಕಿಂಡಿ ಎಷ್ಟಿವೆ ನೋಡಿ ಸ್ವಿಚ್ಚು ಬೇಕೋ ಬೇಡವೋ ಹೇಳುತ್ತೇನೆ. ಸ್ಟಿಕ್ಕರಿನಲ್ಲಿ ಪಾಸ್‌ವರ್ಡ್ ಇರುತ್ತದೆ, ಅದರ ಮೇಲೆ ಬೆರಳಿಟ್ಟು ತೆಗೆಯಿರಿ.