ಡಿಕ್ಕಿಯ ಲೆಕ್ಕದಲ್ಲಿ ಕ್ಯಾಡಿಯನ್ನೂ ಸೇರಿಸಿ

ನಿಮ್ಮ ಪತ್ರ ತಲುಪಿತು. ಮುಂದಿನ ತಿಂಗಳು ಹೆಂಡತಿ ಮತ್ತು ಮೂರು ವರ್ಷದ ಮಗನೊಂದಿಗೆ ಸ್ಕಾಟ್ಲೆಂಡಿನ ಎಡಿನ್‌ಬರೊಗೆ ಹೊರಟಿರುವ ನೀವು ಚಳಿ, ಊಟ, ಮಗನ ಶಾಲೆ ಇವುಗಳ ಬಗ್ಗೆ ಒಂದೊಂದು ಸಾಲು ಬರೆದು, ಕಾರಿನ ವಿಷಯಕ್ಕೆ ಮಾತ್ರ ಒಂದೂವರೆ ಪುಟ ಮೀಸಲಿಟ್ಟಿದ್ದೀರಿ. ಚಲ್ಲಘಟ್ಟದ ಗಾಲ್ಫ್ ಮೈದಾನದಲ್ಲಿ ಆರು ವರ್ಷ ಆಡಿರುವ ನಿಮಗೂ ನಿಮ್ಮ ಮನೆಯವರಿಗೂ ಒಂದೊಂದು ಗಾಲ್ಫ್ ಸೆಟ್ ಇದೆ, ಎರಡೂ ಹಿಡಿಯುವಂಥ ಕಾರು ಬೇಕು, 380 ಲೀಟರಿನ ಡಿಕ್ಕಿ ಸಾಲುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನನ್ನನ್ನು ಅಣ್ಣಾ ಎಂದು ಕರೆದಿರುವುದರಿಂದ ಕೊಂಚ ಸಲಿಗೆಯಿಂದಲೇ ಉತ್ತರಿಸುತ್ತೇನೆ. ನಾನು ಈಗ ಎಡಿನ್‌ಬರೊದಿಂದ ಎರಡು ವಾರದ ರಜೆಯ ಮೇಲೆ ಬಂದು ಮಲ್ಲೇಶ್ವರದ ನಮ್ಮ ಮನೆಯಲ್ಲಿದ್ದೇನೆ. ನಡುಮನೆಯಲ್ಲಿ ಅಪ್ಪ ಪೇಪರ್ ಓದುತ್ತಿದ್ದಾರೆ, ನಾನು ಊಟದ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಉಳಿದ ಪ್ರಶ್ನೆಗಳನ್ನು ಮೊದಲು ಮುಗಿಸಿಬಿಡೋಣ. ಚಳಿಗೆ ಬೇಕಾದ ಕೋಟನ್ನು ಇಲ್ಲಿ ಕೊಳ್ಳಬೇಡಿ, ಅಲ್ಲಿಯ ಗಾಳಿಗೆ ಅಲ್ಲಿಯ ಕೋಟೇ ಸರಿ. ಸಸ್ಯಾಹಾರಕ್ಕೆ ಏನೂ ತೊಂದರೆಯಿಲ್ಲ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳನ್ನು ನೀವು ಬೇಡವೆಂದರೂ ನಿಮ್ಮ ತಾಯಿ ಕಟ್ಟಿಯೇ ಕಳಿಸುತ್ತಾರೆ. ಶಾಲೆಯ ವಿಷಯವನ್ನು ನನ್ನ ಹೆಂಡತಿ ನಿಮ್ಮ ಮನೆಯವರಿಗೆ ಫೋನಿನಲ್ಲಿ ಹೇಳುತ್ತಾಳೆ.

ಇನ್ನು ಕಾರು. ನಮ್ಮ ಡಿಕ್ಕಿಯನ್ನು ಅಲ್ಲಿಯವರು ಬೂಟ್ ಎನ್ನುತ್ತಾರೆ, ಮತ್ತು ಅದರ ಅಳತೆಯನ್ನು ಲೀಟರಿನಲ್ಲಿ ಹೇಳುತ್ತಾರೆ. ಆ ಲೀಟರು ಬರುವುದು ಹೇಗೆಂದರೆ, 20 ಸೆಂಟಿಮೀಟರ್ ಉದ್ದ, 10 ಅಗಲ, 5 ಎತ್ತರದ ಇಟ್ಟಿಗೆಯಂಥ ತುಂಡುಗಳನ್ನು ಡಿಕ್ಕಿಯಲ್ಲಿ ಒಂದರ ಮೇಲೊಂದು ಜೋಡಿಸಿ ಎಷ್ಟು ಹಿಡಿದವು ಎಂದು ಎಣಿಸುತ್ತಾರೆ. ಒಂದು ತುಂಡಿಗೆ ಒಂದು ಲೀಟರು. ಅಕ್ಕಿಯಾದರೆ ಈ ಲೆಕ್ಕ ಸರಿ. ಆದರೆ ನೀವು ಇಡಹೊರಟಿರುವುದು ಅಕ್ಕಿಯನ್ನಲ್ಲ, ಒನಕೆಯನ್ನು. ಒನಕೆಗೆ ಉದ್ದ ಬೇಕು. ನಿಮ್ಮ ಚೀಲದಲ್ಲಿರುವ 14 ಕ್ಲಬ್‌ಗಳ, ಎಂದರೆ ಚೆಂಡು ಹೊಡೆಯುವ ಕೋಲುಗಳ, ಪೈಕಿ ಎಲ್ಲಕ್ಕಿಂತ ಉದ್ದನೆಯದಾದ ಡ್ರೈವರ್ ಒಂದೇ 45 ಅಂಗುಲದ ಆಸುಪಾಸಿನಲ್ಲಿರುತ್ತದೆ, ಎಂದರೆ ಸುಮಾರು 115 ಸೆಂಟಿಮೀಟರ್. ಅದನ್ನು ಚೀಲಕ್ಕೆ ಇಳಿಸಿ ಮೇಲೆ ಟೋಪಿ ಹಾಕಿದರೆ ಒಟ್ಟು ಉದ್ದ ಇನ್ನೂ ಹೆಚ್ಚುತ್ತದೆ. ಸಾಧಾರಣ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಹಿಂದಿನ ಎರಡು ಚಕ್ರಗಳ ಉಬ್ಬುಗಳ ನಡುವೆ ಇರುವ ಅಗಲ ಸುಮಾರು ಒಂದು ಮೀಟರು. ಆದ್ದರಿಂದ ಡಿಕ್ಕಿ ಎಷ್ಟು ಲೀಟರಿನದು ಎಂದು ಕೇಳುವ ಬದಲು ಅದರ ಅತಿ ಅಗಲವಾದ ಜಾಗ ಎಲ್ಲಿದೆ, ಎಷ್ಟಿದೆ ಎಂದು ಟೇಪು ಹಿಡಿದು ನೋಡಬೇಕು. ಕೆಲವು ಕಾರುಗಳಲ್ಲಿ ಚಕ್ರದ ಉಬ್ಬಿಗೂ ಹಿಂದಿನ ಬಾಗಿಲಿಗೂ ನಡುವೆ ಎರಡೂ ಕಡೆ ಗೂಡಿನಂಥ ಜಾಗವಿರುತ್ತದೆ. ಚೀಲದ ಎರಡು ತುದಿಗಳು ಅಲ್ಲಿ ಕೂರುವಂತಿದ್ದರೆ ನಿಮ್ಮ ಅರ್ಧ ಚಿಂತೆ ಕಳೆಯಿತು.

ನೀವು ಹೇಳಿದ 380 ಲೀಟರು ಬಹುಶಃ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನದು. ಹೆಸರು ನೋಡಿ ಮೋಸಹೋಗಬೇಡಿ. ನಾನೂ ಒಮ್ಮೆ ಆ ಹೆಸರಿನ ಸೆಳೆತಕ್ಕೆ ಒಳಗಾಗಿದ್ದವನೇ. ಕಾರು ಒಳ್ಳೆಯದು, ಆದರೆ ಎರಡು ಚೀಲಗಳಿಗೆ ಅದು ತಕ್ಕುದಲ್ಲ. ಅದರಲ್ಲಿಯೇ ಪೆಟ್ರೋಲಿನ ಜೊತೆಗೆ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಪ್ಲಗ್-ಇನ್ ಹೈಬ್ರಿಡ್ ಮಾದರಿಯನ್ನು ತೆಗೆದುಕೊಂಡರೆ ಬ್ಯಾಟರಿಯಿಂದಾಗಿ ಡಿಕ್ಕಿ 270 ಲೀಟರಿನ ಆಸುಪಾಸಿಗೆ ಕುಗ್ಗುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಹಿಡಿದು, ಸಿಎನ್‌ಜಿ ಸಿಲಿಂಡರ್ ಕೂತಿರುವ ಡಿಕ್ಕಿಯ ಮುಂದೆ ಎರಡು ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ನಿಂತ ಅನುಭವ ನಿಮಗೂ ಇದ್ದೇ ಇರುತ್ತದೆ, ಇದೂ ಹಾಗೆಯೇ.

ಸೆಡಾನ್‌ಗಳ ಬಗ್ಗೆ ನಮ್ಮ ಬೆಂಗಳೂರಿನವರಿಗೆ ಒಂದು ವಿಶೇಷ ಗೌರವವಿದೆ. ಡಿಕ್ಕಿ ಹೊರಗೆ ಚಾಚಿಕೊಂಡಿದ್ದರೆ ಮಾತ್ರ ಅದು ಸಂಸಾರಸ್ಥರ ಕಾರು ಎಂದು ನಾವು ಭಾವಿಸುತ್ತೇವೆ. ಆದರೆ ಸೆಡಾನ್ ಡಿಕ್ಕಿಯ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಅಲ್ಲಿ ಎಸ್ಟೇಟ್ ಎಂದು ಕರೆಯುವ, ಚಾವಣಿ ಹಿಂದಿನವರೆಗೂ ಮುಂದುವರಿಯುವ ಉದ್ದನೆಯ ಕಾರುಗಳು ಊರತುಂಬ ಇವೆ. ಟಾಟಾ ಎಸ್ಟೇಟ್ ನೆನಪಿರುವಷ್ಟು ವಯಸ್ಸು ನಿಮಗಾಗಿಲ್ಲ. ಅಂಥ ಕಾರುಗಳು ನಮ್ಮಲ್ಲಿ ಯಾಕೋ ಒಗ್ಗಲಿಲ್ಲ. ಟೊಯೊಟಾ ಕೊರೊಲಾದ ಟೂರಿಂಗ್ ಸ್ಪೋರ್ಟ್ಸ್ 1.8 ಮಾದರಿಯಲ್ಲಿ 596 ಲೀಟರಿದೆ, ಸ್ಕೋಡಾ ಆಕ್ಟೇವಿಯಾ ಎಸ್ಟೇಟ್‌ನಲ್ಲಿ 640. ಶವವಾಹನದಂತೆ ಕಾಣುತ್ತದೆ ಎಂದು ನಿಮ್ಮ ಮನೆಯವರು ಒಪ್ಪದಿದ್ದರೆ (ನನ್ನ ಹೆಂಡತಿ ಒಪ್ಪಿರಲಿಲ್ಲ), ಇಲ್ಲಿ ನೀವು ನೋಡಿರುವ ಸಾಧಾರಣ ಆಕ್ಟೇವಿಯಾವೇ ಸಾಕು: ನೋಡಲು ಸೆಡಾನ್, ಆದರೆ ಹಿಂದಿನ ಗಾಜು ಸಮೇತ ಇಡೀ ಮುಚ್ಚಳ ಮೇಲೇಳುತ್ತದೆ, ಈಚಿನ ಮಾದರಿಯಲ್ಲಿ ಡಿಕ್ಕಿ 600 ಲೀಟರಿನದು. ನಾನು ಈಗ ಓಡಿಸುತ್ತಿರುವುದೂ ಅದನ್ನೇ.

ಆದರೆ ನಿಮ್ಮ ಪತ್ರದ ಲೆಕ್ಕದಲ್ಲಿ ಒಂದು ಮುಖ್ಯ ಬಾಬತ್ತು ಬಿಟ್ಟುಹೋಗಿದೆ. ನೀವು ಚೀಲಗಳನ್ನು ಎಣಿಸಿದ್ದೀರಿ, ಕ್ಯಾಡಿಯನ್ನು ಎಣಿಸಿಲ್ಲ. ಇಲ್ಲಿ ನೀವು ಕಾರು ನಿಲ್ಲಿಸಿದ ಕೂಡಲೇ ಒಬ್ಬ ಹುಡುಗ ಬಂದು ಡಿಕ್ಕಿಯಿಂದ ಚೀಲ ಇಳಿಸಿ, ಹದಿನೆಂಟು ಹೋಲ್‌ಗಳೂ ಹೊತ್ತು ನಡೆದು, ಚೆಂಡು ಹುಡುಕಿ, ಕ್ಲಬ್ ಒರೆಸಿ, ಮತ್ತೆ ಡಿಕ್ಕಿಯಲ್ಲಿ ಇಟ್ಟುಕೊಡುತ್ತಾನೆ. ಅಲ್ಲಿ ನಾವು ಆಡುವಂಥ ಮೈದಾನಗಳಲ್ಲಿ ಆ ವ್ಯವಸ್ಥೆಯಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾಗಿ ಮುಗಿಸಿದಾಗ ಚೀಲ ಹೊತ್ತಿದ್ದವರು ಅವರ ತಾಯಿ. ನಿಮಗೆ, ನನಗೆ ಹೊರಲು ಯಾರೂ ಬರುವುದಿಲ್ಲ. ಆದ್ದರಿಂದ ಎಂಟು ಹತ್ತು ಕಿಲೋಮೀಟರ್ ತಳ್ಳಿಕೊಂಡು ಹೋಗಲು ಒಂದು ಟ್ರಾಲಿ ಬೇಕು, ಇಬ್ಬರಿಗಾದರೆ ಎರಡು. ಮಡಚಿದರೂ ಟ್ರಾಲಿಯ ಚಕ್ರಗಳು ಕೆಸರು ಸಮೇತ ಡಿಕ್ಕಿಯ ಕಾಲುಭಾಗ ನುಂಗುತ್ತವೆ. ಒದ್ದೆಯಾದ ಬೂಟು, ಮಳೆಯಂಗಿ, ಕೊಡೆ ಬೇರೆ. ಇಷ್ಟೆಲ್ಲ ಹೇಳಿದರೂ ಅಲ್ಲಿಯ ಗಾಲ್ಫ್ ನನಗೆ ಹೆಚ್ಚು ಇಷ್ಟ ಎಂಬುದನ್ನು ಒಪ್ಪಿಕೊಳ್ಳಬೇಕು. 1889ರಲ್ಲಿ ಆರಂಭವಾದ ಎಡಿನ್‌ಬರೊದ ಬ್ರೇಡ್ ಹಿಲ್ಸ್ ಸಾರ್ವಜನಿಕ ಮೈದಾನ. ದುಡ್ಡು ಕೊಟ್ಟವರೆಲ್ಲರೂ ಆಡಬಹುದು, ಸದಸ್ಯತ್ವಕ್ಕಾಗಿ ಕಾಯಬೇಕಾಗಿಲ್ಲ. ಜೂನ್ ತಿಂಗಳಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಕೆಲಸ ಮುಗಿಸಿ ಹೋಗಿ ಅಂಚೆಯವನೊಬ್ಬ, ನಿವೃತ್ತ ಹೆಡ್‌ಮಾಸ್ಟರೊಬ್ಬರು, ಮಲ್ಲೇಶ್ವರದ ನಾನು ಒಟ್ಟಿಗೆ ಆಡುತ್ತೇವೆ.

ಈಗ ನನ್ನ ಮೊದಲ ಕಾರಿನ ಕಥೆ ಹೇಳಬೇಕು. ನಾನು ಹೋದದ್ದು 2006ರ ಜನವರಿಯಲ್ಲಿ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಊರಿಗೆ. ಎರಡು ವರ್ಷದ ನಂತರ ಸಹೋದ್ಯೋಗಿಗಳ ಜೊತೆ ಆಟ ಕಲಿತು, ಹಳೆಯ ಕಾರುಗಳನ್ನು ಮಾರುವ ಒಂದು ಅಂಗಡಿಯಲ್ಲಿ ಚಿಕ್ಕ ಹ್ಯಾಚ್‌ಬ್ಯಾಕ್ ಕೊಂಡೆ. ಗಾಲ್ಫ್ ಚೀಲ ಹಿಡಿಯುತ್ತದೆಯೇ ಎಂದು ಕೇಳಿದ್ದಕ್ಕೆ ಮಾರುವವನು ಹಿಂದಿನ ಸೀಟನ್ನು ಒಂದೇ ಏಟಿಗೆ ಮಡಚಿ, ನೋಡಿ ಎಷ್ಟು ಜಾಗ ಎಂದು ತೋರಿಸಿದ. ನನಗೆ ಆ ಜಾಗ ಕಂಡಿತು, ಆ ಸೀಟಿನಲ್ಲಿ ಯಾರು ಕೂರಬೇಕಾಗಿತ್ತು ಎಂಬುದು ಹೊಳೆಯಲಿಲ್ಲ.

2009ರ ಜುಲೈನಲ್ಲಿ ಅಪ್ಪ ಬಂದರು. ವಿಧಾನಸೌಧದ ಕಚೇರಿಯೊಂದರಲ್ಲಿ 32 ವರ್ಷ ಗುಮಾಸ್ತರಾಗಿದ್ದ ಅವರು ದಿನವೂ ಸೈಕಲ್ಲಿನಲ್ಲಿ ಸ್ಯಾಂಕಿ ರಸ್ತೆಯ ಮೇಲೆ, 1876ರಿಂದಲೂ ಹೈಗ್ರೌಂಡ್ಸ್‌ನಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಬೇಲಿಯ ಪಕ್ಕದಲ್ಲಿ ಹಾದುಹೋಗುತ್ತಿದ್ದವರು. ಒಮ್ಮೆ ಬೇಲಿ ದಾಟಿ ರಸ್ತೆಗೆ ಬಿದ್ದ ಚೆಂಡೊಂದನ್ನು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದರು. ನಮ್ಮ ಷೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗಳ ಮಧ್ಯೆ ಅದು ಇಂದಿಗೂ ಇದೆ. ಒಳಗೆ ಹೋಗಿ ಆಟ ನೋಡಿದವರಲ್ಲ. ಎಡಿನ್‌ಬರೊಗೆ ಬಂದ ಮೊದಲ ವಾರವೇ, ನೀನು ಆಡುವುದನ್ನು ಒಂದು ದಿನ ನೋಡಬೇಕಲ್ಲಪ್ಪ ಎಂದರು. ಶನಿವಾರ ಸಹೋದ್ಯೋಗಿಯೊಬ್ಬನನ್ನೂ ದಾರಿಯಲ್ಲಿ ಹತ್ತಿಸಿಕೊಳ್ಳುವ ಮಾತಾಗಿತ್ತು. ನನ್ನ ಚೀಲ, ಟ್ರಾಲಿ ಇಟ್ಟು ಸೀಟು ಮಡಚಿದೆ. ಅವನ ಚೀಲಕ್ಕೂ ಜಾಗ ಬಿಡಬೇಕೆಂದು ಉಳಿದ ಸೀಟನ್ನೂ ಮಡಚಿದೆ. ಅಪ್ಪ ಅಷ್ಟರಲ್ಲಿ ಸ್ವೆಟರ್ ಹಾಕಿ, ಮಫ್ಲರ್ ಸುತ್ತಿಕೊಂಡು, ಮೂರು ಮಹಡಿ ಇಳಿದು ಕೆಳಗೆ ಬಂದು ನಿಂತಿದ್ದರು. ಕಾರಿನೊಳಗೆ ಒಮ್ಮೆ ಬಗ್ಗಿ ನೋಡಿದರು. ಪರವಾಗಿಲ್ಲ, ನೀವು ಹೋಗಿ ಬನ್ನಿ, ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಮತ್ತೆ ಮೆಟ್ಟಿಲು ಹತ್ತಿದರು. ಮುಂದಿನ ಶನಿವಾರ ಮಳೆ. ಅದರ ಮುಂದಿನ ಶನಿವಾರ ಆಫೀಸಿನ ಕೆಲಸ. ಆಮೇಲೆ ಅವರ ವಾಪಸು ಟಿಕೆಟಿನ ದಿನ ಬಂತು. ಸಹೋದ್ಯೋಗಿಗೆ ಬೇರೆ ಕಾರಿನಲ್ಲಿ ಬಾ ಎನ್ನಬಹುದಿತ್ತಲ್ಲ, ಬಸ್ಸಿನಲ್ಲಾದರೂ ಕರೆದೊಯ್ಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವರಿಗೀಗ 82, ಅಷ್ಟು ದೂರದ ವಿಮಾನ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದಾರೆ.

ಆದ್ದರಿಂದ ಹಿಂದಿನ ಸೀಟು ಎದ್ದುನಿಂತಿರುವಾಗಲೇ ಎರಡು ಚೀಲ, ಎರಡು ಟ್ರಾಲಿ ಹಿಡಿಯಬೇಕು ಎಂಬ ಶರತ್ತನ್ನು ಬಿಟ್ಟುಕೊಡಬೇಡಿ. ಸೀಟು ಮಡಚಿ ತೋರಿಸುವವನಿಗೆ ಅದನ್ನು ಮತ್ತೆ ಎತ್ತಿ ತೋರಿಸಲು ಹೇಳಿ. ಅಲ್ಲಿ ಮಕ್ಕಳಿಗೆ 12 ವರ್ಷ ತುಂಬುವವರೆಗೆ, ಇಲ್ಲವೇ 135 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ ಮಕ್ಕಳ ಸೀಟು ಕಡ್ಡಾಯ. ನಿಮ್ಮ ಮಗನಿಗಾಗಿ ಕಟ್ಟಿದ ಸೀಟನ್ನು ಪ್ರತಿ ಶನಿವಾರ ಬಿಚ್ಚಿ ಕಟ್ಟುವ ತಾಳ್ಮೆ ಯಾರಿಗೂ ಇರುವುದಿಲ್ಲ. ಉಳಿದ ಸೀಟಿನಲ್ಲಿ ಇಂದಲ್ಲ ನಾಳೆ ನಿಮ್ಮ ತಂದೆತಾಯಿಯೋ ಅತ್ತೆಮಾವನೋ ಬಂದು ಕೂರಬೇಕು. ಡಿಕ್ಕಿಯ ಅಗಲ ಒಂದೆರಡು ಅಂಗುಲ ಕಡಿಮೆ ಬಿದ್ದರೆ ಡ್ರೈವರನ್ನು ಚೀಲದಿಂದ ಹೊರತೆಗೆದು ಮೇಲೆ ಓರೆಯಾಗಿ ಮಲಗಿಸಿ. ಅಷ್ಟಕ್ಕಾಗಿ ಸೀಟು ಮಡಚಬೇಡಿ. ರಾತ್ರಿ ಚೀಲವನ್ನು ಡಿಕ್ಕಿಯಲ್ಲೇ ಬಿಡುವ ಸೋಮಾರಿತನವೂ ಬೇಡ, ಕಳ್ಳರು ಎಲ್ಲ ಊರಿನಲ್ಲಿಯೂ ಇದ್ದಾರೆ.

ಇನ್ನೆರಡು ಮಾತು. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಡೀಸೆಲ್ ಎಸ್ಟೇಟ್ ಕೊಳ್ಳಬೇಡಿ. 2024ರ ಜೂನ್ 1ರಿಂದ ಎಡಿನ್‌ಬರೊ ನಗರದ ನಡುಭಾಗಕ್ಕೆ ಹೊಗೆಯ ಮಿತಿಯನ್ನು ಹೇಳುವ ಯೂರೊ ಮಟ್ಟಗಳಲ್ಲಿ 6ಕ್ಕಿಂತ ಹಿಂದಿನ ಡೀಸೆಲ್ ಕಾರು ಪ್ರವೇಶಿಸಿದರೆ ದಂಡ ಕಟ್ಟಬೇಕು, ಪೆಟ್ರೋಲಿಗೆ ಯೂರೊ 4 ಇದ್ದರೆ ಸಾಕು. ಇಲ್ಲಿಯ ಲೈಸೆನ್ಸ್‌ನಲ್ಲಿ ಅಲ್ಲಿ ನೆಲೆಸಿದ ಮೊದಲ 12 ತಿಂಗಳು ಮಾತ್ರ ಓಡಿಸಬಹುದು, ಅಷ್ಟರೊಳಗೆ ಅಲ್ಲಿಯ ಪರೀಕ್ಷೆ ಪಾಸಾಗಬೇಕು. ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟರೆ ಗೇರಿನ ಕಾರು ಓಡಿಸುವಂತಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಓಡಿಸಿದವನಿಗೆ ಇದೇನು ಮಹಾ ಎಂದುಕೊಂಡು ಹೋಗಿದ್ದ ನಾನು ಮೊದಲ ಸಲ ಫೇಲಾದೆ. ಕನ್ನಡಿ ನೋಡುವುದು ಸಾಲದು ಎಂದರು ಪರೀಕ್ಷಕರು.

ನಿಮ್ಮ ಕ್ಲಬ್‌ಗಳ ನಿಜವಾದ ಉದ್ದ ತಿಳಿಯದೆ ಇದಕ್ಕಿಂತ ಹೆಚ್ಚು ಹೇಳಲಾಗದು. ನಾನು ಇನ್ನೊಂದು ಭಾನುವಾರ ಇಲ್ಲಿರುತ್ತೇನೆ. ಜಯನಗರದಿಂದ ಬೆಳಿಗ್ಗೆ ಬೇಗ ಹೊರಟು ಒಂದು ಚೀಲವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬನ್ನಿ, ತಿಂಡಿ ನಮ್ಮಲ್ಲೇ ಆಗಲಿ. ಅಪ್ಪನಿಗೆ ವಿಷಯ ಹೇಳಿದಾಗಿನಿಂದ ಅವರು ಬೀರುವಿನಲ್ಲಿ ಅಳತೆಯ ಟೇಪು ಹುಡುಕುತ್ತಿದ್ದಾರೆ. ಡ್ರೈವರನ್ನು ಮನೆಯಲ್ಲಿ ಬಿಟ್ಟು ಬರಬೇಡಿ, ಅದನ್ನು ಅವರು ಕೈಯಲ್ಲಿ ಹಿಡಿದು ನೋಡಬೇಕಂತೆ.